ಪಿಂಚಣಿ ಹಿಡಿದುಕೊಂಡು ಚಿಯಾಂಗ್ ಮಾಯ್‌ಗೆ

ಇಂಗ್ಲೆಂಡಿನಲ್ಲಿ ರಿಟೈರ್ ಆದ ಮೇಲೆ ನಾನು, ಯಜಮಾನರು ಥಾಯ್ಲೆಂಡಿನ ಚಿಯಾಂಗ್ ಮಾಯ್‌ಗೆ ಬಂದು ನೆಲೆಸಿದ್ದೇವೆ. ನಮ್ಮೂರು ಪುತ್ತೂರಿನಿಂದ ಫೋನ್ ಮಾಡುವವರೆಲ್ಲ ಕೇಳುವುದು ಎರಡೇ ಪ್ರಶ್ನೆ. ಅಲ್ಲಿ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ? ಇಂಗ್ಲೆಂಡ್ ಬಿಟ್ಟ ಮೇಲೆ ಊರಿಗೇ ಬರಬಹುದಿತ್ತಲ್ಲ? ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದನ್ನು ನನ್ನ ತಮ್ಮ ಪ್ರತಿ ಸಲವೂ ಸ್ವಲ್ಪ ಬೇಸರದಿಂದಲೇ ಕೇಳುತ್ತಾನೆ. ಅವನಿಗೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ.

ಇಂಗ್ಲೆಂಡಿನಲ್ಲಿ ನಾನು ಆಸ್ಪತ್ರೆಯ ಲ್ಯಾಬಿನಲ್ಲಿದ್ದೆ, ಯಜಮಾನರು ಶಾಲೆಯಲ್ಲಿ ಗಣಿತದ ಮಾಸ್ಟ್ರು. ಕೆಲಸ ಇರುವವರೆಗೆ ಅಲ್ಲಿನ ಚಳಿ ಗೊತ್ತೇ ಆಗುವುದಿಲ್ಲ. ರಿಟೈರ್ ಆದ ಮೇಲೆ ಗೊತ್ತಾಗುತ್ತದೆ. ಡಿಸೆಂಬರಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಮಂಡಿನೋವು. ಮನೆ ಬೆಚ್ಚಗಿಡುವ ಖರ್ಚೇ ಪಿಂಚಣಿಯ ದೊಡ್ಡ ಪಾಲು ತಿನ್ನುತ್ತದೆ. ಇಡೀ ದಿನ ಒಂದು ಮಾತೂ ಆಡದೆ ಮುಗಿದುಹೋಗುವ ದಿನಗಳಿದ್ದವು. ನಮ್ಮನ್ನು ಎಬ್ಬಿಸಿದ್ದು ಹಣಕ್ಕಿಂತ ಜಾಸ್ತಿ ಆ ಮೌನವೇ.

ಊರಿಗೆ ಯಾಕೆ ಬರಲಿಲ್ಲ? ತಮ್ಮಾ, ನಿನ್ನ ಮನೆ ನನಗೆ ಯಾವತ್ತೂ ತವರೇ. ಆದರೆ ತೋಟದ ಮನೆಯಿಂದ ಡಾಕ್ಟರ್ ಹತ್ತಿರ ಹೋಗಬೇಕಾದರೆ ಯಾರಾದರೂ ಕಾರು ತೆಗೆಯಬೇಕು. ಮಳೆಗಾಲದ ನಾಲ್ಕು ತಿಂಗಳು ಈ ಮಂಡಿ ಹಿಡಿದುಕೊಂಡು ಅಂಗಳ ದಾಟುವುದೂ ಕಷ್ಟ. ಎಲ್ಲದಕ್ಕೂ ನಿಮ್ಮನ್ನೇ ಕಾಯಬೇಕು. ನೀವು ಬೇಸರ ಮಾಡಿಕೊಳ್ಳುವುದಿಲ್ಲ ಅಂತ ಗೊತ್ತು, ಆದರೂ ನಮ್ಮ ಕೈಕಾಲು ನಡೆಯುವಷ್ಟು ದಿನ ನಮ್ಮ ಕೆಲಸ ನಾವೇ ಮಾಡಿಕೊಳ್ಳಬೇಕು ಅಂತ ಆಸೆ. ಇಲ್ಲಿ ಮನೆಯಿಂದ ಇಳಿದರೆ ಮಾರ್ಕೆಟ್, ಔಷಧಿ ಅಂಗಡಿ, ದೇವಸ್ಥಾನ ಎಲ್ಲ ನಡೆಯುವ ದೂರದಲ್ಲಿದೆ. ಬ್ಯಾಂಕಾಕಿನಿಂದ ಬೆಂಗಳೂರಿಗೆ ವಿಮಾನದಲ್ಲಿ ನಾಲ್ಕು ಗಂಟೆಯೊಳಗಿನ ದಾರಿ. ಇಂಗ್ಲೆಂಡಿನಲ್ಲಿ ಇದ್ದಾಗಿನದಕ್ಕಿಂತ ಈಗಲೇ ನಾನು ನಿಮಗೆ ಹತ್ತಿರ ಇದ್ದೇನೆ, ಅಲ್ವಾ?

ಚಿಯಾಂಗ್ ಮಾಯ್ ಥಾಯ್ಲೆಂಡಿನ ಉತ್ತರದಲ್ಲಿ, ಗುಡ್ಡಗಳ ನಡುವಿನ ಕಣಿವೆಯಲ್ಲಿದೆ. ಮೆಂಗ್‌ರಾಯ್ ಅನ್ನುವ ರಾಜ 1296ರಲ್ಲಿ ಕಟ್ಟಿಸಿದ ಊರು. ಹಳೇ ಪೇಟೆಯ ಸುತ್ತ ಚೌಕಾಕಾರದ ಕಂದಕ ಇದೆ. ಅದರಲ್ಲಿ ಇವತ್ತಿಗೂ ನೀರಿದೆ. ಪಡುವಣಕ್ಕೆ ದೋಯ್ ಸುಥೆಪ್ ಬೆಟ್ಟ, ಅದರ ಮೇಲೆ ಚಿನ್ನದ ಬಣ್ಣದ ಸ್ತೂಪ. ನವೆಂಬರಿನಿಂದ ಜನವರಿವರೆಗೆ ಬೆಳಿಗ್ಗೆ ಒಂದು ತೆಳು ಶಾಲು ಹೊದ್ದುಕೊಂಡರೆ ಸಾಕು, ಹತ್ತು ಗಂಟೆಗೆ ಹಿತವಾದ ಬಿಸಿಲು.

ಇನ್ನು ಖರ್ಚಿನ ವಿಷಯ. ಇಲ್ಲಿನ ಹಣ ಬಾತ್. ಒಂದು ಬಾತ್ ಅಂದರೆ ಎರಡೂವರೆ ರೂಪಾಯಿಗಿಂತ ಜಾಸ್ತಿ. ಒಂದು ಬೆಡ್‌ರೂಮಿನ ಒಳ್ಳೆಯ ಮನೆಗೆ ಬಾಡಿಗೆ ಹತ್ತರಿಂದ ಹದಿನೈದು ಸಾವಿರ ಬಾತ್. ಬೀದಿಬದಿಯ ಊಟ 50-60 ಬಾತ್. ಇಂಗ್ಲೆಂಡಿನ ಪಿಂಚಣಿಗೆ ಇದು ಅಗ್ಗ. ಪುತ್ತೂರಿನ ಪಿಂಚಣಿಗೆ ಅಗ್ಗವಲ್ಲ, ಅದನ್ನು ಬಿಡಿಸಿ ಹೇಳಲೇಬೇಕು. ಊರಿನಲ್ಲಿ ರಿಟೈರ್ ಆದವರು ಯಾರೋ ಹಾಕಿದ ವಿಡಿಯೋ ನೋಡಿ ಹೊರಡಬೇಡಿ.

ಒಂದು ಮಾತು ನನಗೆ ಮುಖ್ಯ. ಈ ಊರಿನಲ್ಲಿ ಕೂಲಿಯವರ ಕನಿಷ್ಠ ದಿನಗೂಲಿ 400 ಬಾತ್‌ನ ಒಳಗೆ. ನಮಗೆ ಅಗ್ಗವಾಗಿ ಕಾಣುವ ಪ್ರತಿಯೊಂದರ ಹಿಂದೆ ಆ ಕೂಲಿಯೇ ಇದೆ. ಹಾಗಾಗಿ ಮಾರ್ಕೆಟಿನಲ್ಲಿ ಸೊಪ್ಪು ಮಾರುವ ಅಜ್ಜಿಯ ಹತ್ತಿರ ಐದು ಬಾತ್‌ಗೆ ಚೌಕಾಸಿ ಮಾಡುವುದು ನನಗೆ ಸರಿ ಕಾಣುವುದಿಲ್ಲ. ಪಿಂಚಣಿ ತಂದು ಇಲ್ಲಿ ಬದುಕುವವರು ಬೆಲೆ ಕೇಳಿ ಕೊಟ್ಟು ಬರಬೇಕು, ಅಷ್ಟೇ.

ಕಾಗದಪತ್ರದ ಕೆಲಸ ತುಂಬ ಇದೆ. ರಿಟೈರ್‌ಮೆಂಟ್ ವೀಸಾಕ್ಕೆ ವಯಸ್ಸು 50 ಆಗಿರಬೇಕು. ಇಲ್ಲಿನ ಬ್ಯಾಂಕಿನಲ್ಲಿ 8 ಲಕ್ಷ ಬಾತ್ ಇಟ್ಟಿರಬೇಕು, ಇಲ್ಲವಾದರೆ ತಿಂಗಳಿಗೆ 65,000 ಬಾತ್ ಆದಾಯ ತೋರಿಸಬೇಕು. ವರ್ಷಕ್ಕೊಮ್ಮೆ 1,900 ಬಾತ್ ಕಟ್ಟಿ ಮುಂದುವರಿಸಬೇಕು. 90 ದಿನಕ್ಕೊಮ್ಮೆ ನಾವು ಎಲ್ಲಿದ್ದೇವೆ ಅಂತ ಇಮಿಗ್ರೇಶನ್ ಆಫೀಸಿಗೆ ತಿಳಿಸಬೇಕು. ದೇಶದ ಹೊರಗೆ ಹೋಗುವ ಮೊದಲು ವಾಪಸ್ ಬರುವ ಅನುಮತಿ ಮಾಡಿಸಿಕೊಳ್ಳದಿದ್ದರೆ ವೀಸಾ ಅಲ್ಲಿಗೇ ಮುಗಿಯಿತು. ವಿದೇಶಿಯರು ಇಲ್ಲಿ ಜಮೀನು ಕೊಳ್ಳುವ ಹಾಗಿಲ್ಲ. ಫ್ಲಾಟ್ ಕೊಳ್ಳಬಹುದು, ಆದರೆ ಕಟ್ಟಡದ 49 ಶೇಕಡಾ ಮಾತ್ರ ವಿದೇಶಿಯರ ಹೆಸರಿನಲ್ಲಿ ಇರಬಹುದು. 2024ರ ಜನವರಿಯಿಂದ ತೆರಿಗೆಯ ನಿಯಮವೂ ಬದಲಾಗಿದೆ. ವರ್ಷದಲ್ಲಿ 180 ದಿನ ಇಲ್ಲಿದ್ದವರು ಹೊರಗಿನ ಆದಾಯವನ್ನು ಒಳಗೆ ತಂದರೆ ಲೆಕ್ಕ ಕೊಡಬೇಕು. ಇದಕ್ಕೆಲ್ಲ ಒಬ್ಬ ಒಳ್ಳೆಯ ಲೆಕ್ಕಿಗರನ್ನು ಹಿಡಿಯುವುದು ಒಳ್ಳೆಯದು.

ಈ ನಿಯಮಗಳನ್ನು ಬೈಯುವ ವಿದೇಶಿಯರು ಇಲ್ಲಿ ಬೇಕಾದಷ್ಟು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಅವರ ದೇಶ, ಅವರ ನೆಲ. ನಮ್ಮನ್ನು ವರ್ಷ ವರ್ಷಕ್ಕೂ ಇರಲು ಬಿಡುತ್ತಾರೆ. ಆದರೆ ಒಂದು ನಿಯಮ ಮಾತ್ರ ಯಜಮಾನರಿಗೆ ನಿಜವಾಗಿ ನೋವು ಕೊಟ್ಟಿತು. ಈ ವೀಸಾದಲ್ಲಿ ಕೆಲಸ ಮಾಡುವಂತಿಲ್ಲ, ಸಂಬಳವಿಲ್ಲದ ಸೇವೆಗೂ ಪರವಾನಗಿ ಬೇಕು. ಪಕ್ಕದ ದೇವಸ್ಥಾನದ ಶಾಲೆಯ ಮಕ್ಕಳಿಗೆ ಸುಮ್ನೆ ಲೆಕ್ಕ ಹೇಳಿಕೊಡೋಣ ಅಂದರೆ ಅದೂ ಆಗುವುದಿಲ್ಲ. ಜೀವನಪೂರ್ತಿ ಪಾಠ ಮಾಡಿದ ಮನುಷ್ಯನಿಗೆ ಅದು ಸಣ್ಣ ಮಾತಲ್ಲ. ಆಮೇಲೆ ಅವರೇ ವಿದ್ಯಾರ್ಥಿಯಾದರು. ದಿನಾ ಬೆಳಿಗ್ಗೆ ಥಾಯ್ ಕಲಿಯಲು ಹೋಗುತ್ತಾರೆ.

ಥಾಯ್ ಲಿಪಿಗೆ ಮೂಲ ಖ್ಮೇರ್ ಲಿಪಿ, ಅದಕ್ಕೂ ಮೂಲ ದಕ್ಷಿಣ ಭಾರತದ ಪಲ್ಲವ ಲಿಪಿ. ಅಕ್ಷರಮಾಲೆ ನಮ್ಮ ಹಾಗೆಯೇ ಕ ವರ್ಗದಿಂದ ಶುರುವಾಗಿ ಸಾಗುತ್ತದೆ. ಹಾಗಾಗಿ ಓದುವುದು ಇಂಗ್ಲಿಷಿನವರಿಗಿಂತ ನಮಗೆ ಬೇಗ ಬಂತು. ಮಾತನಾಡುವುದು ಮಾತ್ರ ಬೇರೆಯೇ ಕಥೆ. ದನಿಯ ಏರಿಳಿತವೇ ಐದು ಬಗೆ, ಒಂದೇ ಪದವನ್ನು ಏರಿಸಿ ಹೇಳಿದರೆ ಒಂದು ಅರ್ಥ, ಇಳಿಸಿ ಹೇಳಿದರೆ ಇನ್ನೊಂದು. ಅದರ ಮೇಲೆ ಮಾರ್ಕೆಟಿನ ಹೆಂಗಸರು ತಮ್ಮ ತಮ್ಮಲ್ಲಿ ಉತ್ತರ ಥಾಯ್ಲೆಂಡಿನ ಆಡುಮಾತನ್ನೇ ಆಡುತ್ತಾರೆ, ಪುಸ್ತಕದ ಥಾಯ್ ಅಲ್ಲ. ಆದರೂ ಕಲಿಯಬೇಕು. ಇಲ್ಲಿ ತುಂಬ ವರ್ಷಗಳಿಂದ ಇದ್ದು, ನಮಸ್ಕಾರಕ್ಕಿಂತ ಮುಂದೆ ಹೋಗದ ಬ್ರಿಟಿಷರು, ಅಮೆರಿಕದವರು ಇದ್ದಾರೆ. ಗೇಟ್ ಹಾಕಿದ ಬಡಾವಣೆಯಲ್ಲಿ ತಮ್ಮವರ ಜೊತೆಗೇ ಇರುತ್ತಾರೆ. ಅಂಥವರು ವಯಸ್ಸಾದಂತೆ ಎಷ್ಟು ಒಂಟಿಯಾಗುತ್ತಾರೆ ಅಂತ ನೋಡಿದ್ದೇನೆ. ಹೆಂಡತಿ ತೀರಿಕೊಂಡರೆ, ಕಣ್ಣು ಮಂಜಾದರೆ, ಔಷಧಿ ಅಂಗಡಿಯಲ್ಲಿ ಎರಡು ಮಾತು ಆಡಲೂ ಆಗುವುದಿಲ್ಲ.

ಇಲ್ಲಿ ಯಾರೂ ಯಾರನ್ನೂ ಬರೀ ಹೆಸರಿನಿಂದ ಕರೆಯುವುದು ಕಡಿಮೆ. ದೊಡ್ಡವರೆಲ್ಲ ಅಕ್ಕ, ಅಣ್ಣ, ದೊಡ್ಡಮ್ಮ, ದೊಡ್ಡಪ್ಪ. ಹಾಲಿನ ಅಂಗಡಿಯ ಹುಡುಗಿ ಮೊದಲ ಸಲ ನನ್ನನ್ನು ದೊಡ್ಡಮ್ಮ ಅಂತ ಕರೆದಾಗ ಗಂಟಲು ಕಟ್ಟಿತ್ತು. ಇಂಗ್ಲೆಂಡಿನಲ್ಲಿ ಮೊಮ್ಮಕ್ಕಳ ವಯಸ್ಸಿನವರೂ ನನ್ನ ಹೆಸರು ಹಿಡಿದೇ ಕರೆಯುತ್ತಿದ್ದರು. ಅದು ಅವರ ರೀತಿ, ತಪ್ಪೇನಲ್ಲ. ಆದರೆ ಈ ವಯಸ್ಸಿನಲ್ಲಿ ಇದು ಹಿತವಾಗಿದೆ.

ಚಪ್ಪಲಿ ಹೊರಗೆ ಬಿಡುವುದು, ದೇವರ ಕಡೆ ಕಾಲು ಚಾಚದಿರುವುದು, ಇವೆಲ್ಲ ನಮಗೆ ಯಾರೂ ಕಲಿಸಬೇಕಾಗಿಲ್ಲ. ಹೊಸದಾಗಿ ಕಲಿತದ್ದೂ ಇದೆ. ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು, ಕೈಯಿಂದ ಕೈಗೆ ಏನೂ ಕೊಡಬಾರದು. ಮಕ್ಕಳ ತಲೆ ಸವರಬಾರದು, ನಮಗೆ ಪ್ರೀತಿಯಿಂದ ಕೈ ಹೋಗುತ್ತದೆ, ತಡೆದುಕೊಳ್ಳಬೇಕು. ಬೆಳಿಗ್ಗೆ 8ಕ್ಕೆ ಮತ್ತು ಸಂಜೆ 6ಕ್ಕೆ ಪಾರ್ಕಿನಲ್ಲಿ ರಾಷ್ಟ್ರಗೀತೆ ಬಂದರೆ ನಿಲ್ಲಬೇಕು. ರಾಜಮನೆತನದ ಬಗ್ಗೆ ಹಗುರ ಮಾತು ಬೇಡವೇ ಬೇಡ, ಕಾನೂನು ಕಟ್ಟುನಿಟ್ಟು. ಎಲ್ಲಕ್ಕಿಂತ ಮುಖ್ಯವಾಗಿ ದನಿ ಏರಿಸಬಾರದು. ಆಫೀಸಿನಲ್ಲಿ ಜೋರು ಮಾಡಿದರೆ ಆಗುವ ಕೆಲಸವೂ ನಿಲ್ಲುತ್ತದೆ. ನಗುತ್ತಾ ಕಾದರೆ ಆಗುತ್ತದೆ.

ಮನೆಗಳ ಮುಂದೆ ಕಂಬದ ಮೇಲೆ ಪುಟ್ಟ ಗುಡಿ ಇರುತ್ತದೆ, ಆ ಜಾಗವನ್ನು ಕಾಯುವ ಶಕ್ತಿಗೆ. ಹೂವಿನ ಮಾಲೆ, ಊದುಬತ್ತಿ, ಸ್ಟ್ರಾ ಹಾಕಿದ ಕೆಂಪು ಫ್ಯಾಂಟಾ ಇಡುತ್ತಾರೆ. ತೋಟದ ಮೂಲೆಯ ಗುಳಿಗ ದೈವದ ಕಟ್ಟೆಯಲ್ಲಿ ಸೀಯಾಳ ಇಡುವುದನ್ನು ನೋಡಿ ಬೆಳೆದವಳು ನಾನು. ಇಲ್ಲಿನ ಬೌದ್ಧ ಧರ್ಮ ಪುಸ್ತಕದಲ್ಲಿ ಓದಿದ್ದಕ್ಕಿಂತ ಎಷ್ಟೋ ಹತ್ತಿರ ಅನ್ನಿಸಿದ್ದು ಆ ಗುಡಿಗಳಿಂದ.

ಊಟದ ಬಗ್ಗೆ ಹೇಳದಿದ್ದರೆ ಅತ್ತಿಗೆಯಂದಿರು ಬಿಡುವುದಿಲ್ಲ. ನಾವು ಸಸ್ಯಾಹಾರಿಗಳು. ಮೀನಿನ ಸಾಸ್ ಇಲ್ಲದ ಅಡುಗೆ ಇಲ್ಲಿ ಅಪರೂಪ, ತರಕಾರಿ ಪಲ್ಯಕ್ಕೂ ಅದನ್ನು ಹಾಕುತ್ತಾರೆ. ಆದರೆ 'ಜೇ' ಅನ್ನುವ ಊಟದ ಪದ್ಧತಿ ಇದೆ. ಹಳದಿ ಬಾವುಟದಲ್ಲಿ ಕೆಂಪು ಅಕ್ಷರ ಬರೆದಿರುತ್ತಾರೆ. ಅಲ್ಲಿ ಮೀನು, ಮಾಂಸ, ಮೊಟ್ಟೆ ಮಾತ್ರವಲ್ಲ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲ. ನಮ್ಮ ಮಠದ ಊಟದಷ್ಟು ಮಡಿ! ಹೆಚ್ಚಿನ ವರ್ಷ ನವರಾತ್ರಿಯ ಹೊತ್ತಿಗೇ ಒಂಬತ್ತು ದಿನದ ಜೇ ಹಬ್ಬ ಬರುತ್ತದೆ. ಆಗ ಬೀದಿ ತುಂಬ ಹಳದಿ ಬಾವುಟ. ತೆಂಗಿನ ಹಾಲಿನ ನೂಡಲ್ ಸಾರು ಖಾವ್ ಸೋಯ್ ಸಹ ಕೋಳಿ ಇಲ್ಲದೆ ಸಿಗುತ್ತದೆ.

ಮನೆ ಅಡುಗೆಗೆ ಮಾರ್ಕೆಟಿನಲ್ಲಿ ಬಸಳೆ ಇದೆ. ಗುಜ್ಜೆ ಅಂದರೆ ಎಳೆ ಹಲಸು ಇದೆ, ಬಾಳೆದಿಂಡು ಇದೆ, ಬಾಳೆಹೂವಿದೆ. ಇಂಗ್ಲೆಂಡಿನಲ್ಲಿ ಫ್ರೀಜರಿನಿಂದ ತೆಗೆದ ತುರಿಯಲ್ಲಿ ಅಡುಗೆ ಮಾಡಿದವಳಿಗೆ ಇಲ್ಲಿ ಕಣ್ಣೆದುರೇ ಕಾಯಿ ತುರಿದು ಕೊಡುತ್ತಾರೆ. ಉತ್ತರದವರು ಅಂಟು ಅನ್ನವನ್ನು ಬಿದಿರಿನ ಬುಟ್ಟಿಯಿಂದ ತೆಗೆದು, ಬೆರಳಿನಲ್ಲೇ ಉಂಡೆ ಕಟ್ಟಿ ತಿನ್ನುತ್ತಾರೆ. ಕೈಯಲ್ಲಿ ಉಣ್ಣಲು ಇಲ್ಲಿ ಯಾರಿಗೂ ಸಂಕೋಚವಿಲ್ಲ. ಕುಚ್ಚಲಕ್ಕಿ ಗಂಜಿ ಮಾತ್ರ ಊರಿಗೆ ಬಂದಾಗಲೇ.

ಏಪ್ರಿಲ್ 13ರಿಂದ 15 ಸೊಂಗ್‌ಕ್ರಾನ್, ಇಲ್ಲಿನ ಹೊಸ ವರ್ಷ. ನಮ್ಮ ತುಳುನಾಡಿನ ಹೊಸ ವರ್ಷ ಬಿಸು ಬರುವ ದಿನಗಳೇ. ಟಿವಿಯಲ್ಲಿ ಕಾಣುವುದು ಕಂದಕದ ಸುತ್ತ ನೀರೆರಚುವ ಗಲಾಟೆ. ನನಗೆ ಇಷ್ಟವಾದದ್ದು ಮನೆಯೊಳಗಿನ ಹಬ್ಬ. ಕಿರಿಯರು ಹಿರಿಯರ ಮನೆಗೆ ಹೋಗಿ, ಅರಿಶಿನ, ಹೂವು ಮತ್ತು ಸೀಗೆ ಹಾಕಿದ ನೀರು ಕೊಟ್ಟು, ವರ್ಷದಲ್ಲಿ ಆದ ತಪ್ಪಿಗೆ ಕ್ಷಮೆ ಕೇಳಿ ಆಶೀರ್ವಾದ ಪಡೆಯುತ್ತಾರೆ. ಹೌದು, ನಮ್ಮ ಎಣ್ಣೆಸ್ನಾನದ ಸೀಗೆಯೇ. ಎದುರು ಮನೆಯವರ ಮಕ್ಕಳು ಅದನ್ನು ನಮ್ಮ ಮನೆಗೂ ತಂದರು. ನಮ್ಮ ಮಗಳು ಮ್ಯಾಂಚೆಸ್ಟರ್‌ನಲ್ಲಿ, ಮಗ ಕೆನಡಾದಲ್ಲಿ. ಆ ಮಕ್ಕಳನ್ನು ಹರಸುವಾಗ ನಮಗೆ ಮಾತೇ ಹೊರಡಲಿಲ್ಲ. ಯಜಮಾನರು ಕನ್ನಡದಲ್ಲೇ ಆಶೀರ್ವಾದ ಮಾಡಿದರು.

ಕಷ್ಟದ ಮಾತುಗಳನ್ನೂ ಹೇಳಬೇಕು. ಬ್ರಿಟನ್ನಿನ ಸರ್ಕಾರಿ ಪಿಂಚಣಿ ಅಲ್ಲಿದ್ದವರಿಗೆ ಪ್ರತಿ ವರ್ಷ ಏರುತ್ತದೆ. ಥಾಯ್ಲೆಂಡಿಗೆ ಬಂದವರಿಗೆ ಏರುವುದಿಲ್ಲ, ಬಂದ ದಿನದ ಮೊತ್ತಕ್ಕೇ ನಿಂತುಬಿಡುತ್ತದೆ. ಭಾರತಕ್ಕೆ ಮರಳಿದವರಿಗೂ ಇದೇ ಗತಿ. ಯುರೋಪಿನಲ್ಲೋ ಅಮೆರಿಕದಲ್ಲೋ ಇದ್ದರೆ ಏರುತ್ತದೆ. ಅಷ್ಟೇ ವರ್ಷ ಕಂತು ಕಟ್ಟಿದವರಿಗೆ ಎಲ್ಲಿದ್ದಾರೆ ಅನ್ನುವುದರ ಮೇಲೆ ಬೇರೆ ಬೇರೆ ಲೆಕ್ಕ. ಇದು ಅನ್ಯಾಯ, ಅದನ್ನು ಹೇಳಲು ನನಗೆ ಹಿಂಜರಿಕೆಯಿಲ್ಲ. ಹತ್ತು ಹದಿನೈದು ವರ್ಷದಲ್ಲಿ ಬೆಲೆಗಳು ಎಲ್ಲಿಗೆ ಹೋಗಿರುತ್ತವೋ, ಪಿಂಚಣಿ ಇದ್ದಲ್ಲೇ ಇರುತ್ತದೆ.

ಅಲ್ಲಿನ ಉಚಿತ ಚಿಕಿತ್ಸೆಯೂ ದೇಶ ಬಿಟ್ಟ ಕೂಡಲೇ ಹೋಗುತ್ತದೆ. ಅದು ಅಲ್ಲಿ ವಾಸ ಇರುವವರಿಗೆ ಮಾತ್ರ. ಇಲ್ಲಿ ಖಾಸಗಿ ಆಸ್ಪತ್ರೆಗಳು ಚೆನ್ನಾಗಿವೆ. ಲ್ಯಾಬಿನಲ್ಲಿ ಇಷ್ಟು ವರ್ಷ ಇದ್ದವಳಾಗಿ ನಾನು ರಿಪೋರ್ಟ್ ಓದಿ, ಕೆಲಸ ನೋಡಿಯೇ ಹೇಳುತ್ತಿದ್ದೇನೆ. ಆದರೆ ಹಣ ನಮ್ಮದು. 70 ದಾಟಿದವರಿಗೆ ವಿಮೆ ಸಿಗುವುದು ಕಷ್ಟ, ಸಿಕ್ಕರೂ ಕಂತು ದೊಡ್ಡದು, ಮೊದಲೇ ಇದ್ದ ಕಾಯಿಲೆಗೆ ಕೊಡುವುದಿಲ್ಲ. ಹಾಗಾಗಿ ಒಂದು ದೊಡ್ಡ ಆಪರೇಶನ್ನಿಗೆ ಬೇಕಾಗುವಷ್ಟು ಹಣ ಬೇರೆಯೇ ಎತ್ತಿಟ್ಟುಕೊಂಡಿದ್ದೇವೆ, ಅದನ್ನು ಮುಟ್ಟುವುದಿಲ್ಲ. ಉಯಿಲನ್ನೂ ಇಲ್ಲಿನ ಕಾನೂನಿನ ಪ್ರಕಾರ ಮಾಡಿಸಿದ್ದೇವೆ. ಇಲ್ಲಿಯವರೂ ದೇಹವನ್ನು ಸುಡುವವರೇ, ದೇವಸ್ಥಾನದ ಆವರಣದಲ್ಲೇ ವ್ಯವಸ್ಥೆ ಇರುತ್ತದೆ. ಮಗಳ ಜೊತೆ ಆ ಮಾತನ್ನೂ ಆಡಿ ಮುಗಿಸಿದ್ದೇವೆ. ಅವಳು ಅತ್ತಳು, ಆದರೆ ಕೇಳಿಸಿಕೊಂಡಳು.

ಕೊನೆಯದಾಗಿ ಹೊಗೆ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಗದ್ದೆಗಳಲ್ಲಿ ಕೂಳೆ ಸುಡುತ್ತಾರೆ, ಕಾಡಿಗೆ ಬೆಂಕಿ ಬೀಳುತ್ತದೆ. ಮ್ಯಾನ್ಮಾರ್, ಲಾವೋಸ್ ಕಡೆಯಿಂದಲೂ ಹೊಗೆ ಬರುತ್ತದೆ. ಸುತ್ತ ಗುಡ್ಡ ಇರುವುದರಿಂದ ಹೊರಗೆ ಹೋಗುವುದಿಲ್ಲ. ಕೆಲವು ದಿನ ಜಗತ್ತಿನ ಅತಿ ಕೆಟ್ಟ ಗಾಳಿಯ ಪಟ್ಟಿಯಲ್ಲಿ ಈ ಊರೇ ಮೊದಲು. ಎದುರಿಗಿರುವ ದೋಯ್ ಸುಥೆಪ್ ಬೆಟ್ಟವೇ ಕಾಣುವುದಿಲ್ಲ. ಮನೆಯೊಳಗೆ ಗಾಳಿ ಸೋಸುವ ಯಂತ್ರ, ಹೊರಗೆ ಎನ್95 ಮಾಸ್ಕ್. ಅನುಕೂಲ ಇದ್ದವರು ದಕ್ಷಿಣದ ಕಡಲ ತೀರಕ್ಕೆ ಹೋಗುತ್ತಾರೆ. ನಾವು ಊರಿಗೆ ಬರುತ್ತೇವೆ, ಕೆಲವು ಸಲ ಪುತ್ತೂರು ಜಾತ್ರೆಯವರೆಗೂ ಇರುತ್ತೇವೆ. ಬೀದಿಯಲ್ಲಿ ಗಾಡಿ ಇಟ್ಟು ದುಡಿಯುವವರಿಗೆ, ರಿಕ್ಷಾ ಓಡಿಸುವವರಿಗೆ ಹೋಗಲು ಜಾಗವಿಲ್ಲ. ವಾಪಸ್ ಬಂದಾಗ ಎದುರು ಮನೆಯ ಮಕ್ಕಳ ಕೆಮ್ಮು ಇನ್ನೂ ಇಳಿದಿರುವುದಿಲ್ಲ.

ಇಷ್ಟನ್ನೂ ಓದಿ, ಇಲ್ಲಿಗೆ ಬಂದು ನೆಲೆಸುವ ಮನಸ್ಸು ಯಾರಿಗಾದರೂ ಇದ್ದರೆ, ಡಿಸೆಂಬರಿನಲ್ಲಿ ಬಂದು ನೋಡಿ ತೀರ್ಮಾನ ಮಾಡಬೇಡಿ. ಆಗ ಎಲ್ಲರಿಗೂ ಇಷ್ಟವಾಗುತ್ತದೆ. ಮಾರ್ಚಿನಲ್ಲಿ ಬನ್ನಿ. ಮಾಸ್ಕ್ ತನ್ನಿ. ಹಳೇ ಪೇಟೆಯ ಹೊರಗೆ, ಥಾಯ್ ಜನರೇ ಇರುವ ಓಣಿಯಲ್ಲಿ ಒಂದು ತಿಂಗಳು ಬಾಡಿಗೆಗೆ ಇರಿ, ದಿನಾ ಮಾರ್ಕೆಟಿಗೆ ನೀವೇ ಹೋಗಿ. ಆಸ್ಪತ್ರೆಯಲ್ಲಿ ಒಂದು ಪೂರ್ತಿ ತಪಾಸಣೆ ಮಾಡಿಸಿ, ಬಿಲ್ಲು ನೋಡಿ. ಆಮೇಲೂ ಇರೋಣ ಅನ್ನಿಸಿದರೆ ಬ್ಯಾಂಕು, ವೀಸಾ ವಿಚಾರಿಸಲು ನನಗೆ ಫೋನ್ ಮಾಡಿ, ಗೊತ್ತಿದ್ದಷ್ಟು ಹೇಳುತ್ತೇನೆ.