ಹತ್ತು ಮಿಲಿಸೆಕೆಂಡಿನಲ್ಲಿ ಏನು ಅಳೆಯೋಕಾಗುತ್ತೆ?

ನನ್ನ ಕೆಲಸದ ಬಗ್ಗೆ ಹೇಳಲು ಶುರು ಮಾಡಿದರೆ ಎರಡೇ ನಿಮಿಷಕ್ಕೆ ಈ ಪ್ರಶ್ನೆ ಬಂದೇ ಬರುತ್ತದೆ. ಕೆಲಸ ಏನೆಂದರೆ, ಒಂದು ಪುಟ್ಟ ಹರಳನ್ನು ತಾಮ್ರದ ಸುರುಳಿಯ ನಡುವೆ ಇಡುತ್ತೇವೆ. ಕೆಪಾಸಿಟರ್‌ಗಳಲ್ಲಿ ತುಂಬಿಟ್ಟ ವಿದ್ಯುತ್ತನ್ನು ಒಂದೇ ಸಲಕ್ಕೆ ಆ ಸುರುಳಿಗೆ ಬಿಡುತ್ತೇವೆ. ಕಾಂತಕ್ಷೇತ್ರ ಸೊನ್ನೆಯಿಂದ 60 ಟೆಸ್ಲಾವರೆಗೆ ಏರಿ ಮತ್ತೆ ಇಳಿಯುತ್ತದೆ. ಆಸ್ಪತ್ರೆಯ ಎಂಆರ್‌ಐ ಯಂತ್ರದಲ್ಲಿ ಇರುವುದು ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ. ನಮ್ಮ ಕ್ಷೇತ್ರ ಏರುವುದಕ್ಕೆ ಸುಮಾರು 10 ಮಿಲಿಸೆಕೆಂಡು ಸಾಕು, ಇಳಿಯುವುದಕ್ಕೆ ಇನ್ನೊಂದಿಷ್ಟು. ಇದನ್ನು ಕೇಳಿದವರು, "ರೆಪ್ಪೆ ಬಡಿಯೋದರೊಳಗೆ ಮುಗಿದುಹೋಗುತ್ತಲ್ಲ, ಅಷ್ಟರಲ್ಲಿ ಏನು ತಾನೇ ಅಳೆಯೋಕಾಗುತ್ತೆ?" ಅನ್ನುತ್ತಾರೆ.

ಬಹಳಷ್ಟು ಅಳೆಯಬಹುದು. ಹತ್ತು ಮಿಲಿಸೆಕೆಂಡು ಚಿಕ್ಕದು ಅನಿಸುವುದು ನಮಗೆ. ಎಲೆಕ್ಟ್ರಾನಿಗೆ ಅಲ್ಲ.

ಕಾಂತಕ್ಷೇತ್ರದಲ್ಲಿ ಎಲೆಕ್ಟ್ರಾನು ಸುತ್ತು ಹಾಕುತ್ತದೆ. 1 ಟೆಸ್ಲಾದಲ್ಲಿ ಸೆಕೆಂಡಿಗೆ 2,800 ಕೋಟಿ ಸುತ್ತು. 50 ಟೆಸ್ಲಾಗೆ ಹೋದರೆ 1.4 ಲಕ್ಷ ಕೋಟಿ. ಅಂದರೆ 10 ಮಿಲಿಸೆಕೆಂಡಿನಲ್ಲಿ 1,400 ಕೋಟಿ ಸುತ್ತು! ಕೆಲವು ವಸ್ತುಗಳಲ್ಲಿ ಎಲೆಕ್ಟ್ರಾನು ಭಾರವಾದಂತೆ ವರ್ತಿಸುತ್ತದೆ, ಆಗ ಸುತ್ತು ಕಡಿಮೆ. ಆದರೂ ಲೆಕ್ಕ ಕೋಟಿಗಳಲ್ಲೇ ಇರುತ್ತದೆ. ಇಷ್ಟು ಸುತ್ತು ಹಾಕುವ ಎಲೆಕ್ಟ್ರಾನಿನ ಪಾಲಿಗೆ ನಮ್ಮ ಕ್ಷೇತ್ರ ನಿಂತೇ ಇದೆ. ಅದು ಏರುತ್ತಿದೆ ಅನ್ನುವುದು ಅದಕ್ಕೆ ಗೊತ್ತಾಗುವುದೇ ಇಲ್ಲ.

ಇದನ್ನು ಮೊದಲು ಸರಿಯಾಗಿ ಬಳಸಿಕೊಂಡವರು ಭೌತವಿಜ್ಞಾನಿ ಪ್ಯೋಟರ್ ಕಪಿಟ್ಸಾ. 1920ರ ದಶಕ, ಕೇಂಬ್ರಿಜ್. ಮೊದಲು ಬ್ಯಾಟರಿಗಳಿಂದ, ಆಮೇಲೆ ಒಂದು ಭಾರೀ ಜನರೇಟರಿನಿಂದ ಸುರುಳಿಗೆ ವಿದ್ಯುತ್ ಹರಿಸಿದರು. ಸೆಕೆಂಡಿನ ನೂರನೇ ಒಂದು ಭಾಗದಷ್ಟು ಹೊತ್ತು, ಸುಮಾರು 30 ಟೆಸ್ಲಾ ಸಿಕ್ಕಿತು. ಆದರೆ ಅಷ್ಟು ವಿದ್ಯುತ್ತನ್ನು ಒಮ್ಮೆಲೇ ಎಳೆದರೆ ಜನರೇಟರಿಗೆ ಏಟು ಬಿದ್ದಂತಾಗಿ ನೆಲವೇ ಅದುರುತ್ತಿತ್ತು. ಅದಕ್ಕೆ ಅವರು ಸುರುಳಿಯನ್ನು ಜನರೇಟರಿನಿಂದ ಸುಮಾರು 20 ಮೀಟರ್ ದೂರ ಇಟ್ಟರು. ನೆಲದೊಳಗಿನ ಅದುರು ಅಲ್ಲಿಗೆ ತಲುಪುವ ಹೊತ್ತಿಗೆ ಪ್ರಯೋಗವೇ ಮುಗಿದಿರುತ್ತಿತ್ತು. ಹೊತ್ತು ಕಡಿಮೆ ಅನ್ನುವುದನ್ನೇ ಅವರು ಅನುಕೂಲ ಮಾಡಿಕೊಂಡರು. ಈ ವಿಷಯ ಓದಿದ ದಿನವೇ ನನಗೆ ಈ ಕೆಲಸದ ಮೇಲೆ ಪ್ರೀತಿ ಹುಟ್ಟಿತು.

"ಹಾಗಾದರೆ ಏರಿಳಿಯದೆ ಒಂದೇ ಸಮ ನಿಲ್ಲುವ ಕ್ಷೇತ್ರವನ್ನೇ ಮಾಡಬಹುದಲ್ವಾ?" ಮಾಡುತ್ತಾರೆ. ಅಮೆರಿಕದ ಟ್ಯಾಲಹಾಸಿಯಲ್ಲಿ 45 ಟೆಸ್ಲಾ ಮ್ಯಾಗ್ನೆಟ್ ಇದೆ. ಚೀನಾದ ಹೆಫೇಯಲ್ಲಿ 2022ರಲ್ಲಿ 45.22 ಟೆಸ್ಲಾ ಮುಟ್ಟಿದರು. ಅದಕ್ಕೆ ಮೆಗಾವಾಟ್‌ಗಟ್ಟಲೆ ವಿದ್ಯುತ್ ಎಡೆಬಿಡದೆ ಬೇಕು, ಅಷ್ಟೂ ಬಿಸಿಯನ್ನು ನೀರು ಹರಿಸಿ ಹೊರಗೆ ಸಾಗಿಸಬೇಕು. ನಮ್ಮದರಂತೆ ಕ್ಷಣಕ್ಕೆ ಏರಿ ಇಳಿಯುವ ಕ್ಷೇತ್ರದಲ್ಲಿ, ಅಂದರೆ ಪಲ್ಸ್‌ನಲ್ಲಿ, ಆ ತೊಂದರೆ ಇಲ್ಲ. ಸುರುಳಿಯನ್ನು ಮೊದಲೇ ದ್ರವ ನೈಟ್ರೋಜನ್‌ನಲ್ಲಿ ಮುಳುಗಿಸಿಡುತ್ತೇವೆ. ಶಾಟ್ ಹೊಡೆದಾಗ, ಅಂದರೆ ವಿದ್ಯುತ್ ಬಿಟ್ಟಾಗ, ಅದು ಬಿಸಿಯಾಗುತ್ತದೆ, ಆದರೆ ಕರಗುವ ಮೊದಲೇ ಶಾಟ್ ಮುಗಿದಿರುತ್ತದೆ.

ಬಿಸಿ ಒಂದು ಕಡೆಯಾದರೆ ಒತ್ತಡ ಇನ್ನೊಂದು ಕಡೆ. ಕ್ಷೇತ್ರ ತನ್ನ ಸುರುಳಿಯನ್ನೇ ಹೊರಕ್ಕೆ ತಳ್ಳುತ್ತದೆ. 60 ಟೆಸ್ಲಾದಲ್ಲಿ ಆ ಒತ್ತಡ ಗಾಳಿಯ ಒತ್ತಡದ ಸುಮಾರು 14,000 ಪಟ್ಟು. ಸಮುದ್ರದ ಅತಿ ಆಳದ ಜಾಗದಲ್ಲಿ ಇರುವುದಕ್ಕಿಂತ ಹತ್ತು ಪಟ್ಟಿಗೂ ಜಾಸ್ತಿ. ಬರೀ ತಾಮ್ರ ಇದನ್ನು ತಡೆಯುವುದಿಲ್ಲ. ಅದಕ್ಕೆ ನಿಯೋಬಿಯಂ ಬೆರೆಸಿದ ತಾಮ್ರದ ತಂತಿ ಬಳಸುತ್ತಾರೆ, ಸುತ್ತಿನ ಮೇಲೆ ಸುತ್ತು ಝೈಲಾನ್ ಎಂಬ ಬಹಳ ಗಟ್ಟಿಯಾದ ಕೃತಕ ನಾರು ಬಿಗಿಯುತ್ತಾರೆ. ಇಂಥ ಸುರುಳಿ ಕಟ್ಟುವವರ ಕೈಚಳಕದ ಮೇಲೆ ನನಗೆ ಬಹಳ ಗೌರವ. ಅಮೆರಿಕದ ಲಾಸ್ ಅಲಾಮೋಸ್‌ನಲ್ಲಿ 2012ರ ಮಾರ್ಚ್‌ನಲ್ಲಿ ಸುರುಳಿ ಒಡೆಯದೆ 100 ಟೆಸ್ಲಾ ದಾಟಿದರು. ಸುರುಳಿ ಹೋದರೆ ಹೋಗಲಿ ಅಂದುಕೊಂಡರೆ ಇನ್ನೂ ಮೇಲೆ ಹೋಗಬಹುದು. ಟೋಕಿಯೋ ವಿಶ್ವವಿದ್ಯಾಲಯದವರು 2018ರಲ್ಲಿ 1,200 ಟೆಸ್ಲಾ ಮುಟ್ಟಿದರು. ಅಲ್ಲಿ ಲೆಕ್ಕ ಮೈಕ್ರೋಸೆಕೆಂಡುಗಳಲ್ಲಿ, ಸ್ಯಾಂಪಲ್ ಕೂಡ ಉಳಿಯುವುದಿಲ್ಲ.

ಇನ್ನು ಅಳತೆ. ಇಲ್ಲಿ ನಿಜವಾದ ಕಷ್ಟ ಶುರುವಾಗುತ್ತದೆ. 10 ಮಿಲಿಸೆಕೆಂಡಿನಲ್ಲಿ 60 ಟೆಸ್ಲಾ ಅಂದರೆ ಸೆಕೆಂಡಿಗೆ 6,000 ಟೆಸ್ಲಾ ವೇಗ. ಕ್ಷೇತ್ರ ಬದಲಾದರೆ ತಂತಿಯ ಪ್ರತಿ ಕುಣಿಕೆಯಲ್ಲೂ ವೋಲ್ಟೇಜ್ ಹುಟ್ಟುತ್ತದೆ. ವೈರಿಂಗ್‌ನಲ್ಲಿ ಒಂದು ಚದರ ಮಿಲಿಮೀಟರ್ ಕುಣಿಕೆ ಉಳಿದಿದ್ದರೂ 6 ಮಿಲಿವೋಲ್ಟ್ ಬರುತ್ತದೆ. ನಾನು ಹುಡುಕುವ ಸಿಗ್ನಲ್ ಎಷ್ಟೋ ಸಲ ಅದರ ಸಾವಿರದಲ್ಲಿ ಒಂದು ಪಾಲು. ಅದಕ್ಕೆ ತಂತಿಗಳನ್ನು ಜಡೆಯಂತೆ ಹೆಣೆದು, ಅಂಟು ಹಾಕಿ, ಮೈಕ್ರೋಸ್ಕೋಪಿನ ಕೆಳಗೆ ಕುಣಿಕೆಗಳನ್ನು ಮುಚ್ಚುತ್ತಾ ಕೂರುತ್ತೇವೆ. ಮಿಲಿಸೆಕೆಂಡಿನ ಶಾಟ್‌ಗೆ ಎರಡು ದಿನದ ತಯಾರಿ ಸಾಮಾನ್ಯ.

ಲೋಹದ ಸ್ಯಾಂಪಲ್ಲಿನ ಒಳಗೂ ಹೀಗೇ ಸುಳಿ ಪ್ರವಾಹ ಹುಟ್ಟಿ ಅದನ್ನು ಬಿಸಿ ಮಾಡುತ್ತದೆ. ಇದರಿಂದ ನಾನೊಮ್ಮೆ ಮೋಸ ಹೋಗಿದ್ದೇನೆ. ಒಂದು ಹರಳಿನ ಪ್ರತಿರೋಧ ಅಳೆಯುತ್ತಿದ್ದೆ. ಕ್ಷೇತ್ರ ಏರುವಾಗ ಬಂದ ಗೆರೆಯೂ ಇಳಿಯುವಾಗ ಬಂದ ಗೆರೆಯೂ ಒಂದರ ಮೇಲೊಂದು ಕೂರಲಿಲ್ಲ. ಅಂಥ ಅಂತರ ಕಂಡರೆ ವಸ್ತು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಜಿಗಿದಿದೆ ಅನ್ನುವ ಅರ್ಥವೂ ಇರಬಹುದು. ವಾರವಿಡೀ ನಿದ್ದೆ ಇಲ್ಲ, ಅಷ್ಟು ಸಂತೋಷ. ಜೊತೆಯಲ್ಲಿದ್ದ ಹಿರಿಯರೊಬ್ಬರು, "ಮೊದಲು ಇದನ್ನ ಅರ್ಧ ದಪ್ಪಕ್ಕೆ ಉಜ್ಜಿ ನೋಡಿ" ಅಂದರು. ದಪ್ಪ ಅರ್ಧವಾದರೆ ಸುಳಿ ಪ್ರವಾಹದ ಬಿಸಿ ಕಾಲುಭಾಗಕ್ಕೆ ಇಳಿಯುತ್ತದೆ. ಉಜ್ಜಿದೆ. ಅಂತರ ಬಹುಪಾಲು ಮಾಯವಾಯಿತು. ನಾನು ನೋಡಿದ್ದು ಸುಮ್ನೆ ಬಿಸಿಯಾದ ಸ್ಯಾಂಪಲ್.

ಹಾಗಾಗಿ ಪ್ರಶ್ನೆ ಕೇಳುವವರ ಅನುಮಾನದಲ್ಲಿ ಹುರುಳಿದೆ. ಎಲೆಕ್ಟ್ರಾನಿಗೆ ಹೊತ್ತು ಸಾಕು, ಬಿಸಿಗೆ ಸಾಲದು. ಸ್ಯಾಂಪಲ್ಲಿನಲ್ಲಿ ಹುಟ್ಟಿದ ಬಿಸಿ, ಅದನ್ನು ತಣ್ಣಗಿಡಲು ಸುತ್ತ ತುಂಬಿದ ಹೀಲಿಯಂಗೆ ಹರಿದುಹೋಗುವಷ್ಟು ಪುರುಸೊತ್ತು ಎಷ್ಟೋ ಸಲ ಇರುವುದಿಲ್ಲ. ನಿಧಾನವಾಗಿ ಹೊರಳುವ ಕಾಂತೀಯ ವಸ್ತುಗಳು ಕ್ಷೇತ್ರದ ಹಿಂದೆ ಬಿದ್ದುಬಿಡುತ್ತವೆ. ಅಂಥವನ್ನು ನಿಲ್ಲುವ ಕ್ಷೇತ್ರದಲ್ಲಿ ಅಳೆಯುವುದೇ ಸರಿ ಅನ್ನುವುದು ನನ್ನ ಅಭಿಪ್ರಾಯ.

ಆದರೆ ಪಲ್ಸ್ ಇಲ್ಲದೆ ಹೊಳೆಯದೇ ಹೋಗುತ್ತಿದ್ದ ಸಂಗತಿಗಳೂ ಇವೆ. ಸೂಪರ್‌ಕಂಡಕ್ಟರ್ ಅಂದರೆ ತಣ್ಣಗಾದಾಗ ಪ್ರತಿರೋಧವೇ ಇಲ್ಲದೆ ವಿದ್ಯುತ್ ಹರಿಸುವ ವಸ್ತು. ತಾಮ್ರ-ಆಕ್ಸೈಡ್ ಸೂಪರ್‌ಕಂಡಕ್ಟರ್‌ಗಳು ಸಿಕ್ಕಿದ್ದು 1986ರಲ್ಲಿ. ಅವುಗಳಲ್ಲಿ ಚಾರ್ಜ್ ಕಡಿಮೆ ತುಂಬಿದವುಗಳ ಎಲೆಕ್ಟ್ರಾನುಗಳು ಸಾಧಾರಣ ಲೋಹದಲ್ಲಿರುವ ಹಾಗೆ ಕ್ರಮವಾಗಿ ಸುತ್ತುತ್ತವೆಯೇ ಅನ್ನುವುದು ಇಪ್ಪತ್ತು ವರ್ಷ ಬಗೆಹರಿಯಲಿಲ್ಲ. ನೋಡೋಣ ಅಂದರೆ ಸೂಪರ್‌ಕಂಡಕ್ಟಿವಿಟಿಯೇ ಅಡ್ಡ. ಅದನ್ನು ಹತ್ತಿಕ್ಕಲು ದೊಡ್ಡ ಕ್ಷೇತ್ರ ಬೇಕು. 2007ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ, 62 ಟೆಸ್ಲಾವರೆಗಿನ ಪಲ್ಸ್‌ನಲ್ಲಿ, ಅಂಥದ್ದೇ ಒಂದಾದ ಇಟ್ರಿಯಂ-ಬೇರಿಯಂ-ತಾಮ್ರ-ಆಕ್ಸೈಡಿನ ಪ್ರತಿರೋಧದ ಗೆರೆ ಅಲೆಅಲೆಯಾಗಿ ಏರಿಳಿಯಿತು. ಎಲೆಕ್ಟ್ರಾನು ಪೂರ್ತಿ ಸುತ್ತು ಹಾಕುತ್ತಿದೆ ಅನ್ನುವುದಕ್ಕೆ ಅದೇ ಗುರುತು. ಆ ಅಲೆಗಳಿಂದ ಸುತ್ತಿನ ಅಳತೆಯೂ ಸಿಕ್ಕಿತು. ಅದು ಎಲ್ಲರೂ ಅಂದುಕೊಂಡಿದ್ದಕ್ಕಿಂತ ತೀರಾ ಚಿಕ್ಕದು. ಎಲೆಕ್ಟ್ರಾನುಗಳು ಒಳಗೇ ಬೇರೆ ಬೇರೆಯಾಗಿ ಜೋಡಿಸಿಕೊಂಡಿವೆ ಅನ್ನುವ ಹೊಸ ಹುಡುಕಾಟ ಅಲ್ಲಿಂದ ಶುರುವಾಯಿತು.

ಯುರೇನಿಯಂ ಡೈಟೆಲ್ಯುರೈಡ್ ಎಂಬ ಇನ್ನೊಂದು ಸೂಪರ್‌ಕಂಡಕ್ಟರ್ ಇನ್ನೂ ವಿಚಿತ್ರ. ಕ್ಷೇತ್ರ ಜಾಸ್ತಿಯಾದರೆ ಸೂಪರ್‌ಕಂಡಕ್ಟಿವಿಟಿ ಸಾಯಬೇಕು ಅಲ್ವಾ? ಇದರಲ್ಲಿ ಕ್ಷೇತ್ರವನ್ನು ಒಂದು ನಿರ್ದಿಷ್ಟ ಕೋನಕ್ಕೆ ಓರೆ ಮಾಡಿದರೆ 40 ಟೆಸ್ಲಾದ ಮೇಲೆ ಅದು ಮತ್ತೆ ಹುಟ್ಟುತ್ತದೆ. 2019ರಲ್ಲಿ ಇದನ್ನು ಕಂಡವರ ಮ್ಯಾಗ್ನೆಟ್ 65 ಟೆಸ್ಲಾಗೆ ಮುಗಿಯಿತು, ಸೂಪರ್‌ಕಂಡಕ್ಟಿವಿಟಿ ಆಗಲೂ ಮುಗಿದಿರಲಿಲ್ಲ.

ಒಂದು ಶಾಟ್ ಆದ ಮೇಲೆ ಸುರುಳಿ ಮತ್ತೆ ತಣ್ಣಗಾಗಲು ಒಂದು ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ದಿನಕ್ಕೆ ಎಂಟು ಹತ್ತು ಶಾಟ್ ಸಿಕ್ಕರೆ ಒಳ್ಳೆಯ ದಿನ. ಅಷ್ಟನ್ನೂ ಕೂಡಿಸಿದರೆ ಕ್ಷೇತ್ರ ಇದ್ದ ಹೊತ್ತು ಒಂದು ಸೆಕೆಂಡಿಗೆ ಸುಮಾರಾಗಿ ಮುಟ್ಟಬಹುದು, ಬಹಳ ಸಲ ಅಷ್ಟೂ ಇಲ್ಲ. ಮಿಕ್ಕ ಹೊತ್ತೆಲ್ಲ ಪರದೆಯ ಮುಂದೆ ಕೂತು ಏರುವ ಗೆರೆಯ ಮೇಲೆ ಇಳಿಯುವ ಗೆರೆಯನ್ನು ಇಟ್ಟು ನೋಡುತ್ತೇನೆ. ಎರಡೂ ಕೂಡಿಕೊಂಡರೆ ಮುಂದಿನ ಶಾಟ್. ಇಲ್ಲದಿದ್ದರೆ ಸ್ಯಾಂಪಲ್ ಹೊರಗೆ ತೆಗೆದು ಮತ್ತೆ ಉಜ್ಜುತ್ತೇನೆ.