ಕಲ್ಲಿನಲ್ಲಿ ಉಳಿದ ತವರಿನ ಹೆಸರು

ಸ್ಕಾಟ್ಲೆಂಡಿನವರಾದ ನನ್ನ ಅತ್ತೆಯವರ ಹೆಸರಿನ ನಡುವೆ ಒಂದು ಅಡ್ಡಹೆಸರಿದೆ. ಅದು ಅವರ ತಂದೆಯ ಮನೆತನದ್ದಲ್ಲ, ತಾಯಿಯ ತವರಿನದೂ ಅಲ್ಲ, ಮಾವನವರ ಮನೆಯದಂತೂ ಅಲ್ಲ. ಅತ್ತೆಯವರ ಅಜ್ಜಿಗೂ, ಅಂದರೆ ಅವರ ತಂದೆಯ ತಾಯಿಗೂ, ಅದೇ ಹೆಸರು ಹೀಗೆಯೇ ನಡುವೆ ಇತ್ತು. ಅದಕ್ಕೂ ಹಿಂದೆ ಅದು ಎಲ್ಲಿಂದ ಬಂತೆಂಬುದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ತಾಯಿಯ ಅಥವಾ ಅಜ್ಜಿಯ ತವರಿನ ಅಡ್ಡಹೆಸರನ್ನು ಮಗುವಿಗೆ ಮಧ್ಯದ ಹೆಸರಾಗಿ ಇಡುವುದು ಸ್ಕಾಟ್ಲೆಂಡಿನಲ್ಲಿ ಹಳೆಯ ರೂಢಿಯಾದ್ದರಿಂದ, ಹಿಂದಿನ ಯಾವುದೋ ತಲೆಮಾರಿನ ಒಬ್ಬ ಹೆಣ್ಣುಮಗಳು ತವರಿನಿಂದ ತಂದ ಹೆಸರು ಅದಾಗಿರಬೇಕೆಂದು ಮಾತ್ರ ಊಹಿಸಬಹುದಾಗಿತ್ತು. ಎಂಬತ್ತು ದಾಟಿದ ಮೇಲೆ ಅತ್ತೆಯವರಿಗೆ ಆ ಹೆಣ್ಣುಮಗಳು ಯಾರೆಂದು ತಿಳಿಯುವ ಹಂಬಲ ಬಲವಾಯಿತು. ಮಗನಿಗಿಂತ ಹೆಚ್ಚಾಗಿ ಸೊಸೆಯಾದ ನನ್ನಲ್ಲಿಯೇ ಅವರು ಅದನ್ನು ಹೇಳಿಕೊಂಡದ್ದರಿಂದ ಆ ಹುಡುಕಾಟ ನನ್ನದೂ ಆಯಿತು. ಬದುಕಿರುವವರು ಹೊತ್ತಿರುವ ಹೆಸರಾದ ಕಾರಣ ಅದನ್ನು ಇಲ್ಲಿ ಬರೆಯುವುದಿಲ್ಲ.

ನಮ್ಮ ಕೈಯಲ್ಲಿದ್ದ ಮೊದಲ ಆಧಾರ ಮನೆಯ ದೊಡ್ಡ ಬೈಬಲ್. ಹಳೆಯ ಒಡಂಬಡಿಕೆ ಮುಗಿದು ಹೊಸದು ಆರಂಭವಾಗುವುದಕ್ಕೆ ಮೊದಲು, ಮನೆಯ ಜನನ ಮರಣಗಳನ್ನು ಬರೆದಿಡಲೆಂದೇ ಬಿಟ್ಟ ಖಾಲಿ ಹಾಳೆಗಳು ಅದರಲ್ಲಿವೆ. ಆ್ಯಂಗಸ್ ಸೀಮೆಯ ಒಬ್ಬ ಕೈಮಗ್ಗದ ನೇಕಾರ ಮತ್ತು ಅವನ ಹೆಂಡತಿ 1839ರಲ್ಲಿ ಮದುವೆಯಾದುದು, ಆಮೇಲೆ ಹುಟ್ಟಿದ ಮಕ್ಕಳ ಹೆಸರುಗಳು, ಎಲ್ಲವೂ ಕಂದಿದ ಮಸಿಯಲ್ಲಿ ಒಂದೇ ಕೈಬರಹದಲ್ಲಿ ಅಲ್ಲಿವೆ. 1840ರಲ್ಲಿ ಹುಟ್ಟಿದ ಮೊದಲ ಮಗಳ ಹೆಸರೇ 1846ರಲ್ಲಿ ಹುಟ್ಟಿದ ಇನ್ನೊಬ್ಬ ಮಗಳಿಗೂ ಇದೆ. ಮೊದಲ ಮಗು ತೀರಿಕೊಂಡಾಗ ಅದೇ ಹೆಸರನ್ನು ಮುಂದಿನ ಮಗುವಿಗೆ ಇಡುವುದು ಅಲ್ಲಿ ಸಾಮಾನ್ಯವಾಗಿತ್ತು. ಆದರೆ ಎರಡನೆಯ ಬಾರಿ ಬರೆಯುವಾಗ ಹೆಸರಿನ ನಡುವೆ ಒಂದು ಅಕ್ಷರ ಹೆಚ್ಚಾಗಿ ಸೇರಿದೆ, ಮತ್ತು ಅದು ಅತ್ತೆಯವರ ಮಧ್ಯದ ಹೆಸರಿನ ಮೊದಲ ಅಕ್ಷರ. 1846ರ ಆ ಹುಡುಗಿಯೇ ಅತ್ತೆಯವರ ಅಜ್ಜಿಯ ತಾಯಿ. ಅವಳ ಮದುವೆಯ ದಾಖಲೆಯಲ್ಲಿಯೂ ಮರಣದ ದಾಖಲೆಯಲ್ಲಿಯೂ ಆ ನಡುವಿನ ಅಕ್ಷರವನ್ನು ಯಾರೂ ಬರೆಯಿಸಿರಲಿಲ್ಲ.

ಹೆಸರಿಡುವುದಕ್ಕೆ ಸ್ಕಾಟ್ಲೆಂಡಿನ ಹಳೆಯ ಕುಟುಂಬಗಳಲ್ಲಿ ಒಂದು ಕ್ರಮವಿತ್ತು. ಮೊದಲ ಮಗನಿಗೆ ತಂದೆಯ ತಂದೆಯ ಹೆಸರು, ಎರಡನೆಯವನಿಗೆ ತಾಯಿಯ ತಂದೆಯ ಹೆಸರು. ಮೊದಲ ಮಗಳಿಗೆ ತಾಯಿಯ ತಾಯಿಯ ಹೆಸರು, ಎರಡನೆಯವಳಿಗೆ ತಂದೆಯ ತಾಯಿಯ ಹೆಸರು. ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ನಾಡಿನಿಂದ ಹೋದ ನನಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಎಲ್ಲರೂ ಪಾಲಿಸಿದ ನಿಯಮವಲ್ಲವಾದ್ದರಿಂದ ಅದನ್ನೇ ಪುರಾವೆಯೆಂದು ಹಿಡಿಯುವಂತಿಲ್ಲ. ಆದರೂ ಎಲ್ಲಿ ಹುಡುಕಬೇಕೆಂಬುದನ್ನು ಅದು ತೋರಿಸುತ್ತದೆ. ಅದರ ಪ್ರಕಾರ ನೇಕಾರನ ಹೆಂಡತಿಯ ತಾಯಿಗೆ ಆ ಎರಡು ಸಲ ಇಟ್ಟ ಹೆಸರೇ ಇದ್ದಿರಬೇಕು.

ಎಡಿನ್‌ಬರೊ ನಗರದ ಪ್ರಿನ್ಸಸ್ ಬೀದಿಯ ಪೂರ್ವದ ಕೊನೆಯಲ್ಲಿ, ಕುದುರೆಯ ಮೇಲೆ ಕುಳಿತ ವೆಲಿಂಗ್ಟನ್ ಡ್ಯೂಕನ ಕಂಚಿನ ಪ್ರತಿಮೆಯ ಹಿಂದೆ, ಜನರಲ್ ರಿಜಿಸ್ಟರ್ ಹೌಸ್ ಇದೆ. ರಾಬರ್ಟ್ ಆ್ಯಡಮ್ ವಿನ್ಯಾಸ ಮಾಡಿದ ಆ ಕಟ್ಟಡಕ್ಕೆ ಅಡಿಗಲ್ಲು ಬಿದ್ದದ್ದು 1774ರಲ್ಲಿ. ಸ್ಕಾಟ್ಲೆಂಡಿನ ಜನನ, ಮದುವೆ, ಮರಣಗಳ ದಾಖಲೆಗಳನ್ನು ಇಂದು ಅಲ್ಲಿ ಕುಳಿತು ಪರದೆಯ ಮೇಲೆ ಓದಬಹುದು. ಪಕ್ಕದ ನ್ಯೂ ರಿಜಿಸ್ಟರ್ ಹೌಸಿನ ಗುಮ್ಮಟದ ಕೆಳಗೆ ಮೂಲ ಪುಸ್ತಕಗಳಿವೆ. ಜನನದ್ದಕ್ಕೆ ಕೆಂಪು ರಟ್ಟು, ಮದುವೆಯದಕ್ಕೆ ಹಸಿರು, ಮರಣದ್ದಕ್ಕೆ ಕಪ್ಪು. ನೂರು ವರ್ಷ ತುಂಬದ ಜನನ, ಎಪ್ಪತ್ತೈದು ತುಂಬದ ಮದುವೆ, ಐವತ್ತು ತುಂಬದ ಮರಣಗಳ ದಾಖಲೆಗಳನ್ನು ಅಂತರ್ಜಾಲದಲ್ಲಿ ತೋರಿಸುವುದಿಲ್ಲವಾದರೂ ಓದುವ ಕೋಣೆಯಲ್ಲಿ ಅವೂ ಸಿಗುತ್ತವೆ. ನಮಗೆ ಬೇಕಾದ ಕಾಲ ಅದಕ್ಕಿಂತ ಬಹಳ ಹಿಂದಿನದು.

ಸ್ಕಾಟ್ಲೆಂಡಿನಲ್ಲಿ ಸರ್ಕಾರಿ ನೋಂದಣಿ ಕಡ್ಡಾಯವಾದದ್ದು 1855ರ ಜನವರಿ 1ರಿಂದ. ಆ ಮೊದಲ ವರ್ಷದ ದಾಖಲೆಗಳಂಥವು ಆಮೇಲೆ ಮತ್ತೆ ಬರಲಿಲ್ಲ. ತೀರಿಕೊಂಡವರು ಹುಟ್ಟಿದ ಊರು, ಅವರ ತಂದೆತಾಯಿಯರ ಹೆಸರುಗಳು, ಹೆಂಡತಿ ಅಥವಾ ಗಂಡನ ಹೆಸರು, ಎಲ್ಲ ಮಕ್ಕಳ ಹೆಸರು ಮತ್ತು ವಯಸ್ಸು, ಯಾವ ಮಗು ಯಾವಾಗ ತೀರಿಕೊಂಡಿತು, ಮಣ್ಣು ಮಾಡಿದ್ದು ಎಲ್ಲಿ, ಇಷ್ಟನ್ನೂ ಬರೆಯಿಸಬೇಕಿತ್ತು. ನೋಂದಣಿಯವರಿಗೆ ಇದು ತೀರಾ ಹೊರೆಯಾಗಿ ಮರುವರ್ಷವೇ ಹಲವು ಅಂಕಣಗಳನ್ನು ಕೈಬಿಟ್ಟರು; ಮಣ್ಣು ಮಾಡಿದ ಸ್ಥಳವನ್ನು ಬರೆಯುವುದು 1860ರವರೆಗೆ ಉಳಿದು ಅನಂತರ ಅದೂ ನಿಂತಿತು. ನಮ್ಮ ನೇಕಾರ ಕ್ಷಯದಿಂದ ತೀರಿಕೊಂಡದ್ದು 1855ರ ಚಳಿಗಾಲ ಮುಗಿಯುವ ಹೊತ್ತಿಗೆ, ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ. ಎಳೆಯ ವಯಸ್ಸಿನ ಒಬ್ಬ ತಂದೆಯ ಸಾವಿನ ದಾಖಲೆಯನ್ನು ಕಂಡು ಸಂತೋಷವಾಯಿತು ಎಂದು ಬರೆಯಲು ಮನಸ್ಸು ಹಿಂಜರಿಯುತ್ತದೆ. ಆದರೆ ಪರದೆಯ ಮೇಲೆ ಆ ವರ್ಷದ ತುಂಬಿದ ಅಂಕಣಗಳು ತೆರೆದುಕೊಂಡಾಗ ಅತ್ತೆಯವರು ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು, ಮತ್ತು ಆ ಗಳಿಗೆಯಲ್ಲಿ ನಮ್ಮಿಬ್ಬರಿಗೂ ಆದದ್ದು ಸಂತೋಷವೇ. 1840ರ ಮಗಳು ಮೂರು ವರ್ಷದವಳಾಗಿದ್ದಾಗ, 1843ರಲ್ಲಿ, ತೀರಿಕೊಂಡಳೆಂಬುದು ಅಲ್ಲಿತ್ತು. ನೇಕಾರನ ತಾಯಿಯ ತವರಿನ ಹೆಸರೂ ಇತ್ತು. ಅದು ನಾವು ಹುಡುಕುತ್ತಿದ್ದ ಹೆಸರಲ್ಲ. ಹೆಂಡತಿಯ ತವರಿನ ಅಡ್ಡಹೆಸರು ಬೈಬಲ್ಲಿನಲ್ಲಿದ್ದಂತೆಯೇ ಇತ್ತು, ಅದೂ ಬೇರೆಯೇ. ಹಾಗಿದ್ದ ಮೇಲೆ ಆ ಹೆಸರು ಬರಬಹುದಾಗಿದ್ದ ಸಮೀಪದ ದಾರಿ ಒಂದೇ, ಹೆಂಡತಿಯ ತಾಯಿಯದು. ಮಣ್ಣು ಮಾಡಿದ ಸ್ಥಳವಾಗಿ ಆ್ಯಂಗಸ್‌ನ ಒಂದು ಸಣ್ಣ ಹಳ್ಳಿಯ ಚರ್ಚಿನ ಅಂಗಳವನ್ನು ಬರೆದಿದ್ದರು.

ಕಾಗದದ ದಾರಿ ಅಲ್ಲಿಗೆ ಹೆಚ್ಚುಕಡಿಮೆ ಮುಗಿಯಿತು. ನೇಕಾರನ ವಿಧವೆ 1861ರ ಜನಗಣತಿಯಲ್ಲಿ ಡಂಡೀ ನಗರದಲ್ಲಿ, ಸೆಣಬಿನ ಗಿರಣಿಯ ಕೆಲಸದವಳಾಗಿ, ಉಳಿದ ಮಕ್ಕಳೊಂದಿಗೆ ಕಾಣಿಸುತ್ತಾಳೆ. ಹತ್ತು ವರ್ಷ ಹಿಂದೆ ಹಳ್ಳಿಯಲ್ಲಿ ಗಂಡನ ಮಗ್ಗಕ್ಕೆ ಹೊಕ್ಕುನೂಲಿನ ಕದಿರು ಸುತ್ತುತ್ತಿದ್ದವಳು ಈಗ ಗಿರಣಿಯ ಗದ್ದಲದಲ್ಲಿ ಕೂಲಿಗೆ ನಿಂತಿದ್ದಳು. ಯಂತ್ರದ ಮಗ್ಗಗಳು ಆ್ಯಂಗಸ್‌ನ ಕೈಮಗ್ಗದ ನಾರುಬಟ್ಟೆಯನ್ನು ಕೊಲ್ಲುತ್ತಿದ್ದ ಕಾಲವದು. ಕ್ರಿಮಿಯಾದ ಯುದ್ಧದಿಂದ ರಷ್ಯಾದ ಅಗಸೆನಾರು ಬರುವುದು ಕಷ್ಟವಾಗಿ, ಬಂಗಾಳದ ಸೆಣಬನ್ನು ತಿಮಿಂಗಿಲದ ಎಣ್ಣೆಯಲ್ಲಿ ಮೆದುಮಾಡಿ ನೇಯುವ ಡಂಡೀಯ ಗಿರಣಿಗಳು ಬೆಳೆಯುತ್ತಿದ್ದವು. ಅಲ್ಲಿನ ಕೆಲಸಗಾರರಲ್ಲಿ ಹೆಂಗಸರೇ ಹೆಚ್ಚು. ಅವಳ ಮರಣದ ದಾಖಲೆಯಲ್ಲಿ ತಂದೆಯ ಹೆಸರಿದೆ, ತಾಯಿಯ ಹೆಸರಿನ ಜಾಗ ಖಾಲಿ. ಸುದ್ದಿ ಕೊಟ್ಟವನು ಅಳಿಯ. ಹೆಂಡತಿಯ ಅಜ್ಜಿಯ ಹೆಸರು ಅವನಿಗೆ ಗೊತ್ತಿರಲಿಲ್ಲ. 1855ಕ್ಕಿಂತ ಮುಂಚಿನದಕ್ಕೆ ಚರ್ಚಿನ ಪ್ಯಾರಿಷ್ ಪುಸ್ತಕಗಳೇ, ಅಂದರೆ ಒಂದೊಂದು ಚರ್ಚಿನ ವ್ಯಾಪ್ತಿಯ ಊರುಗಳಿಗೆ ಇಟ್ಟ ಪುಸ್ತಕಗಳೇ, ಗತಿ. ಅವುಗಳಲ್ಲಿ ಅತಿ ಹಳೆಯದು ಪರ್ತ್‌ಶೈರಿನ ಎರಲ್ ಊರಿನದು, 1553ರಿಂದ ಆರಂಭವಾಗುತ್ತದೆ. ಆದರೆ 1733ರಲ್ಲಿ ಸ್ಕಾಟ್ಲೆಂಡ್ ಚರ್ಚಿನಿಂದ ಬೇರೆಯಾದ ಪಂಗಡಗಳ ಕುಟುಂಬಗಳು ಅನೇಕ ಕಡೆ ಆ ಪುಸ್ತಕಗಳಲ್ಲಿ ಇಲ್ಲವೇ ಇಲ್ಲ, ಮತ್ತು ನೇಕಾರರಲ್ಲಿ ಅಂಥವರು ಬಹಳ. ನಮ್ಮವಳ ದೀಕ್ಷಾಸ್ನಾನದ ದಾಖಲೆ ಎಲ್ಲಿಯೂ ಸಿಗಲಿಲ್ಲ.

ಇಷ್ಟಾದರೂ, ಒಬ್ಬ ಬಡ ಗಿರಣಿ ಕೆಲಸದ ಹೆಂಗಸನ್ನು ಇಷ್ಟು ದೂರ ಹಿಂಬಾಲಿಸಲು ಸಾಧ್ಯವಾದದ್ದೇ ನನಗೆ ದೊಡ್ಡದಾಗಿ ಕಂಡಿತು. ಇದಕ್ಕೆ ಕಾರಣ, ಸ್ಕಾಟ್ಲೆಂಡಿನಲ್ಲಿ ಹೆಣ್ಣು ಮದುವೆಯಾದ ಮೇಲೂ ತವರಿನ ಅಡ್ಡಹೆಸರನ್ನು ಕಾನೂನಿನಲ್ಲಿ ಕಳೆದುಕೊಳ್ಳುತ್ತಿರಲಿಲ್ಲ. ದಾಖಲೆಗಳಲ್ಲಿಯೂ ಗೋರಿಕಲ್ಲುಗಳಲ್ಲಿಯೂ ಅವಳು ತನ್ನ ಹೆಸರಿನಲ್ಲಿಯೇ ಇರುತ್ತಾಳೆ. ನಾನು ಧಾರವಾಡದ ಕಡೆಯವಳು. ನಮ್ಮ ಮನೆಯ ವಂಶಾವಳಿಯ ಹಾಳೆಯಲ್ಲಿ ಏಳೆಂಟು ತಲೆಮಾರುಗಳ ಗಂಡಸರಿದ್ದಾರೆ, ಒಬ್ಬ ಹೆಂಗಸೂ ಇಲ್ಲ. ನನ್ನ ಮುತ್ತಜ್ಜಿಗೆ ಮದುವೆಯಲ್ಲಿ ಇಟ್ಟ ಹೆಸರು ಗೊತ್ತಿದೆ. ಅವಳು ಹುಟ್ಟಿದಾಗ ಅವಳ ತಾಯಿ ಕರೆದ ಹೆಸರು ಯಾವುದೆಂದು ಹೇಳಬಲ್ಲವರು ಈಗ ಯಾರೂ ಉಳಿದಿಲ್ಲ. ಅತ್ತೆಯವರ ಪ್ರಶ್ನೆಯನ್ನು ನಾನು ಇಷ್ಟೊಂದು ಹಚ್ಚಿಕೊಂಡದ್ದಕ್ಕೆ ಇದೂ ಒಂದು ಕಾರಣ.

ಹಳ್ಳಿಗೆ ಹೋಗುವ ಮುನ್ನ ನಾನು ಎಡಿನ್‌ಬರೊದ ವಿಕ್ಟೋರಿಯಾ ಟೆರೇಸಿನಲ್ಲಿರುವ ಸ್ಕಾಟಿಷ್ ಜೀನಿಯಾಲಜಿ ಸೊಸೈಟಿಯ ಗ್ರಂಥಾಲಯಕ್ಕೆ ಹೋದೆ. 1953ರಲ್ಲಿ ಆರಂಭವಾದ ಈ ಸಂಸ್ಥೆ, 1855ಕ್ಕಿಂತ ಹಳೆಯ ಗೋರಿಕಲ್ಲುಗಳ ಬರಹವನ್ನು ಸೀಮೆ ಸೀಮೆಯಾಗಿ ನಕಲು ಮಾಡಿಸಿ ಪ್ರಕಟಿಸಿದೆ. ಸಂಬಳವಿಲ್ಲದೆ, ಮಳೆ ಗಾಳಿಯಲ್ಲಿ ಊರೂರಿನ ಚರ್ಚಿನ ಅಂಗಳದಲ್ಲಿ ಮೊಣಕಾಲೂರಿ ಇದನ್ನು ಬರೆದುಕೊಂಡವರ ಶ್ರಮಕ್ಕೆ ಎಷ್ಟು ಕೃತಜ್ಞರಾಗಿದ್ದರೂ ಸಾಲದು, ಏಕೆಂದರೆ ಅವರು ಓದಿದ ಎಷ್ಟೋ ಕಲ್ಲುಗಳಲ್ಲಿ ಇಂದು ಅಕ್ಷರಗಳೇ ಇಲ್ಲ. ನಮ್ಮ ಹಳ್ಳಿಯ ಪಟ್ಟಿಯಲ್ಲಿ ನಮ್ಮವಳ ತಂದೆಯ ಹೆಸರಿನ ಒಂದು ಕಲ್ಲು ಸಿಕ್ಕಿತು. ಅವನೂ ನೇಕಾರ; 1837ರಲ್ಲಿ ತೀರಿಕೊಂಡ ತನ್ನ ಹೆಂಡತಿಗಾಗಿ ನಿಲ್ಲಿಸಿದ ಕಲ್ಲು ಅದು. ಅವನು ತಾನೇ 1849ರಲ್ಲಿ ತೀರಿಕೊಂಡ ಎಂಬ ಸಾಲು ಕೆಳಗೆ. ಹೆಂಡತಿಯ ಮೊದಲ ಹೆಸರು ನಾವು ಊಹಿಸಿದ್ದೇ. ಅವಳ ಅಡ್ಡಹೆಸರಿನಲ್ಲಿ ಮಾತ್ರ ಮೊದಲ ಎರಡು ಅಕ್ಷರಗಳಿದ್ದು, ಮುಂದೆ ಓದಲಾಗಲಿಲ್ಲವೆಂದು ಚುಕ್ಕಿಗಳನ್ನು ಇಟ್ಟಿದ್ದರು.

ಅಕ್ಟೋಬರ್ ತಿಂಗಳ ಕೊನೆಯ ಒಂದು ತಿಳಿಯಾದ ದಿನ ಅತ್ತೆ, ನನ್ನ ಪತಿ ಮತ್ತು ನಾನು ಅಲ್ಲಿಗೆ ಹೋದೆವು. ಚರ್ಚಿನ ಸುತ್ತ ಇಳಿಜಾರು ಹುಲ್ಲಿನ ನೆಲ, ಅದರ ತುಂಬ ಆ ಸೀಮೆಯ ಕೆಂಪು ಮತ್ತು ಬೂದು ಮರಳುಗಲ್ಲಿನ ಗೋರಿಗಳು. ಹದಿನೆಂಟನೆಯ ಶತಮಾನದ ಕಲ್ಲುಗಳಲ್ಲಿ ತಲೆಬುರುಡೆ, ಅಡ್ಡಡ್ಡ ಇಟ್ಟ ಎಲುಬುಗಳು, ಮರಳು ಗಡಿಯಾರ, ರೆಕ್ಕೆಯುಳ್ಳ ಮುಖ. ಅವುಗಳ ಜೊತೆಗೆ ಸತ್ತವರ ಕಸುಬಿನ ಗುರುತು. ಕಮ್ಮಾರನಿಗೆ ಕಿರೀಟವಿಟ್ಟ ಸುತ್ತಿಗೆ, ದರ್ಜಿಗೆ ಕತ್ತರಿ ಮತ್ತು ಇಸ್ತ್ರಿ, ರೈತನಿಗೆ ನೇಗಿಲ ಗುಳ. ನಮಗೆ ಬೇಕಾದ ಕಲ್ಲಿನ ನೆತ್ತಿಯ ಮೇಲೆ ಲಾಳಿಯೊಂದನ್ನು ಕೆತ್ತಿದ್ದರು. ಮರಳುಗಲ್ಲು ಈರುಳ್ಳಿಯ ಸಿಪ್ಪೆಯಂತೆ ಪದರ ಬಿಡುತ್ತದೆ. ಬಲಗಡೆಯ ಅಂಚು ಈಗಾಗಲೇ ಕಳಚಿ ಬಿದ್ದಿತ್ತು. ಬುಡ ಹುಲ್ಲಿನೊಳಕ್ಕೆ ಇಳಿದಿದ್ದ ಕಾರಣ 1849ರ ಸಾಲು ಕಣ್ಣಿಗೆ ಬೀಳಲೇ ಇಲ್ಲ. ಅಡ್ಡಹೆಸರಿನ ಜಾಗದಲ್ಲಿ ಬಿಳಿಯ ಕಲ್ಲುಹೂವು ಬೆಳೆದು ಒಂದು ಮಬ್ಬಾದ ತಗ್ಗು ಮಾತ್ರ ಕಾಣುತ್ತಿತ್ತು.

ಕಲ್ಲುಹೂವನ್ನು ಕೆರೆಯಬಾರದು, ತಂತಿಯ ಬ್ರಶ್ ಮುಟ್ಟಿಸಬಾರದು, ಸುಣ್ಣದ ಕಡ್ಡಿಯನ್ನಾಗಲೀ ಕ್ಷೌರದ ನೊರೆಯನ್ನಾಗಲೀ ಹಚ್ಚಬಾರದು. ಹಾಗೆ ಮಾಡಿ ಒಮ್ಮೆ ಓದಿದವರು ಮುಂದಿನವರಿಗೆ ಓದಲು ಏನನ್ನೂ ಉಳಿಸುವುದಿಲ್ಲ. ಬೇಕಾದದ್ದು ಓರೆಯಾದ ಬೆಳಕು. ಬರಹದ ಮುಖ ಪೂರ್ವಕ್ಕೆ ತಿರುಗಿದ್ದುದರಿಂದ ನಾವು ನಡುಹಗಲಿನವರೆಗೆ ಕಾದೆವು. ಆ ಅಕ್ಷಾಂಶದಲ್ಲಿ, ಆ ತಿಂಗಳಲ್ಲಿ, ನಡುಹಗಲಿನ ಸೂರ್ಯ ದಕ್ಷಿಣದಲ್ಲಿ ತಗ್ಗಾಗಿಯೇ ಇರುತ್ತಾನೆ. ಅವನ ಕಿರಣಗಳು ಕಲ್ಲಿನ ಮುಖವನ್ನು ಪಕ್ಕದಿಂದ ಸವರಿಕೊಂಡು ಹೋಗುವ ಸ್ವಲ್ಪ ಹೊತ್ತು ಪ್ರತಿಯೊಂದು ತಗ್ಗಿಗೂ ಒಂದು ನೆರಳು ಹುಟ್ಟುತ್ತದೆ. ಪತಿ ಒಂದು ಕನ್ನಡಿಯನ್ನು ಹಿಡಿದು ಆ ಬೆಳಕನ್ನು ಇನ್ನಷ್ಟು ಓರೆಯಾಗಿ ತಿರುಗಿಸಿದರು. ಮೂರನೆಯ ಅಕ್ಷರದ ನೆಟ್ಟಗಿನ ಗೆರೆ ಮೊದಲು ಎದ್ದಿತು, ಆಮೇಲೆ ಅದರ ಪಕ್ಕದ ಎರಡು. ಕೊನೆಯ ಅಕ್ಷರ ಕಳಚಿದ ಅಂಚಿನೊಂದಿಗೆ ಹೋಗಿತ್ತು, ಆದರೆ ಅದರ ಹಿಂದಿನವರೆಗೆ ಪೂರ್ತಿ ಹೆಸರು ಅಲ್ಲಿತ್ತು. ಅತ್ತೆಯವರು ಅದನ್ನು ಒಂದೊಂದೇ ಅಕ್ಷರವಾಗಿ ಗಟ್ಟಿಯಾಗಿ ಓದಿದರು. ಅದು ಅವರದೇ ಹೆಸರಿನ ನಡುವಿನದು.

ಒಂದು ಕಲ್ಲು ತಾನಾಗಿ ಏನನ್ನೂ ಸಾಬೀತುಪಡಿಸುವುದಿಲ್ಲವೆಂಬುದು ನನಗೆ ಗೊತ್ತು. ಒಂದೇ ಸೀಮೆಯಲ್ಲಿ ಒಂದೇ ಹೆಸರಿನವರು ಎಷ್ಟೋ ಮಂದಿ ಇರುತ್ತಾರೆ. ಆದರೆ ಅಳಿಯನಾದ ನಮ್ಮ ನೇಕಾರನನ್ನು 1855ರಲ್ಲಿ ತಂದು ಮಣ್ಣು ಮಾಡಿದ ಅಂಗಳದಲ್ಲಿಯೇ ಈ ಕಲ್ಲಿದೆ, ಮಗಳ ಮರಣದ ದಾಖಲೆಯಲ್ಲಿರುವ ತಂದೆಯ ಹೆಸರೂ ಕಸುಬೂ ಇದರಲ್ಲಿವೆ, ಮೊದಲ ಮೊಮ್ಮಗಳಿಗೆ ಕ್ರಮದಂತೆ ಇಟ್ಟ ಹೆಸರು ಇದರಲ್ಲಿದೆ, 1846ರ ಮೊಮ್ಮಗಳ ಹೆಸರಿನ ನಡುವಿನ ಒಂಟಿ ಅಕ್ಷರಕ್ಕೆ ಪೂರ್ಣ ರೂಪವೂ ಇದರಲ್ಲಿದೆ. ಇಷ್ಟೂ ಒಂದು ಕಡೆ ಕೂಡಿದ ಮೇಲೆ ನನ್ನಲ್ಲಿ ಸಂದೇಹ ಉಳಿದಿಲ್ಲ. ಮೂರು ವರ್ಷದ ಮಗಳನ್ನು ಕಳೆದುಕೊಂಡ ತಾಯಿ, ಮತ್ತೆ ಹೆಣ್ಣು ಹುಟ್ಟಿದಾಗ ತನ್ನ ತಾಯಿಯ ಹೆಸರನ್ನೇ ಇಟ್ಟು, ಈ ಸಲ ಅವಳ ತವರಿನ ಹೆಸರನ್ನೂ ಸೇರಿಸಿದಳು. ಹಾಗೆ ಸೇರಿಸಿದ್ದೇಕೆಂದು ಯಾವ ದಾಖಲೆಯೂ ಹೇಳುವುದಿಲ್ಲ, ಆದರೆ ಆ ತಾಯಿಯ ಮನಸ್ಸು ನನಗೆ ಅರ್ಥವಾಗುತ್ತದೆಂದು ನಾನು ನಂಬಿದ್ದೇನೆ.

ಅತ್ತೆಯವರಿಗೆ ಈಗ ಬೇರೊಂದು ಪ್ರಶ್ನೆ ಹಿಡಿದಿದೆ. ಗಂಡ ತೀರಿಕೊಂಡ ಮೇಲೆ, ಡಂಡೀಗೆ ಹೋಗಿ ಗಿರಣಿ ಸೇರುವವರೆಗೆ, ಆ ಹೆಂಗಸು ಮಕ್ಕಳಿಗೆ ಏನು ಉಣಿಸಿದಳು ಎಂದು ಅವರು ಕೇಳುತ್ತಾರೆ. 1845ರ ಬಡವರ ಕಾಯ್ದೆಯ ಕೆಳಗೆ ಪ್ರತಿ ಪ್ಯಾರಿಷ್‌ನಲ್ಲಿಯೂ ಒಂದು ಮಂಡಳಿಯಿತ್ತು. ನೆರವು ಬೇಡಿ ಬಂದವರ ವಯಸ್ಸು, ಹುಟ್ಟಿದ ಊರು, ಮಕ್ಕಳು, ಕೊಟ್ಟದ್ದೆಷ್ಟು ಎಂಬುದನ್ನು ಅದರ ಪುಸ್ತಕಗಳಲ್ಲಿ ಬರೆಯುತ್ತಿದ್ದರು. ಎಲ್ಲ ಪ್ಯಾರಿಷ್‌ಗಳ ಪುಸ್ತಕಗಳೂ ಉಳಿದಿಲ್ಲ. ಆ ಹಳ್ಳಿಯದು ಉಳಿದಿದೆಯೇ ಎಂದು ಕೇಳಿ ಸೀಮೆಯ ದಾಖಲೆಗಳ ಕಚೇರಿಗೆ ಬರೆದಿದ್ದೇವೆ. ಇದೆಯೆಂದು ಉತ್ತರ ಬಂದರೆ ಚಳಿಗಾಲ ಬಲಿಯುವ ಮೊದಲೇ ಹೋಗೋಣವೆಂದು ಅತ್ತೆಯವರು ಹೇಳಿದ್ದಾರೆ.