ಬಿಲ್ಲು ಓದುವವಳ ಹೋಟೆಲ್ ಸುತ್ತಾಟ

ಹೋಟೆಲಿಗೆ ಹೋದವರು ಮೆನು ಓದುತ್ತಾರೆ, ನಾನು ಬಿಲ್ಲು ಓದುತ್ತೇನೆ. ಹೊಟ್ಟೆಪಾಡೇ ಅದು. ಗಾಂಧಿನಗರದ ವಾಣಿಜ್ಯ ತೆರಿಗೆ ಕಚೇರಿಯ ಮೆಟ್ಟಿಲು ಹತ್ತಿಳಿಯುವ ಟ್ಯಾಕ್ಸ್ ಪ್ರ್ಯಾಕ್ಟೀಷನರ್ ನಾನು. ನನ್ನ ಕ್ಲೈಂಟುಗಳಲ್ಲಿ ಚಿಕ್ಕಪುಟ್ಟ ಹೋಟೆಲಿನವರೇ ಜಾಸ್ತಿ. ಊಟ ಮುಗಿಸಿ ಎಲ್ಲರೂ ಸೋಂಪು ಬಾಯಿಗೆ ಹಾಕಿಕೊಳ್ಳುವಾಗ ನಾನು ಬಿಲ್ಲಿನ ತಲೆಯಲ್ಲಿರುವ ಜಿಎಸ್‌ಟಿ ನಂಬರನ್ನು ನೋಡುತ್ತಿರುತ್ತೇನೆ. ನಮ್ಮನೆಯವರಿಗೆ ಇದು ನಾಚಿಕೆ. ಮಗಳಿಗೆ ಇದು ಬೇಜಾರು. ಜೊತೆಗೆ ನಿಲ್ಲುವವರೆಂದರೆ ನಮ್ಮ ಮಾವ ಒಬ್ಬರೇ. ಅವರು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರಾಗಿದ್ದು ನಿವೃತ್ತರಾದವರು, ನಾಗಮಂಗಲದ ಕಡೆಯವರು. ಟಿಕೆಟ್ ಹರಿದ ಕೈ ಬಿಲ್ಲನ್ನು ಓದದೆ ಬಿಡುವುದಿಲ್ಲ. "ಕೊಡಮ್ಮ ಇಲ್ಲಿ, ನಾನೂ ನೋಡ್ತೀನಿ" ಅಂತ ಕನ್ನಡಕ ಏರಿಸುತ್ತಾರೆ.

ಇಬ್ಬರೂ ಸೇರಿ ಬೆಂಗಳೂರಿನ ಹೋಟೆಲುಗಳನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ ಮೇಲೆ ನನಗೊಂದು ಪಕ್ಷಪಾತ ಬೆಳೆದಿದೆ. ಇಪ್ಪತ್ತು ರೂಪಾಯಿ ಕಾಫಿಯ ಜಾಗವೂ ಇಷ್ಟ, ವರ್ಷಕ್ಕೊಮ್ಮೆ ಹೋಗುವ ದುಬಾರಿ ಜಾಗವೂ ಇಷ್ಟ. ಆಗದೇ ಇರುವುದು ನಡುವಿನದು.

ಕೆಳಗಿನಿಂದಲೇ ಶುರು ಮಾಡುತ್ತೇನೆ. ದರ್ಶಿನಿ ಅನ್ನುವ ವ್ಯವಸ್ಥೆ ಈ ಊರಿನದೇ ಕೂಸು. 1983ರಲ್ಲಿ ಜಯನಗರದ ಕೆಫೆ ದರ್ಶಿನಿಯಿಂದ ಶುರುವಾಯಿತು: ಮೊದಲು ದುಡ್ಡು, ಆಮೇಲೆ ಟೋಕನ್, ನಿಂತೇ ತಿಂಡಿ. ಕುರ್ಚಿ ಇಲ್ಲ, ಸಪ್ಲೈಯರ್ ಇಲ್ಲ, ಬಾಡಿಗೆಗೆ ಬೇಕಾದ ಜಾಗವೂ ಕಮ್ಮಿ. ಹಾಗಾಗಿ ದರ ಕಮ್ಮಿ. ಲೆಕ್ಕದವಳ ಕಣ್ಣಿಗೆ ಇದಕ್ಕಿಂತ ಸ್ವಚ್ಛವಾದ ವ್ಯಾಪಾರ ಇನ್ನೊಂದಿಲ್ಲ. ಕೊಟ್ಟ ದುಡ್ಡಿನ ಬಹುಪಾಲು ತಟ್ಟೆಯಲ್ಲೇ ಕಾಣುತ್ತದೆ. ಅದರಲ್ಲೂ ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ ಅಂದರೆ ನನಗೆ ವಿಶೇಷ ಗೌರವ. ದರ್ಶಿನಿ ಅನ್ನುವ ಹೆಸರು ಹುಟ್ಟುವ ಮೊದಲೇ, 1965ರಿಂದ ಇದೆ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಟೀ, ಹೆಚ್ಚುಕಮ್ಮಿ ಅಷ್ಟೇ. ಸಾಂಬಾರ್ ಕೇಳಬೇಡಿ, ಇಲ್ಲ. ಚಟ್ನಿ ಮಾತ್ರ ತಟ್ಟೆ ಚಾಚಿದಷ್ಟು ಸಲ ಸುರಿಯುತ್ತಾರೆ. ಇಡ್ಲಿ ತೇಲುವಷ್ಟು ಹಾಕಿಸಿಕೊಂಡು ಹೊರಗೆ ಫುಟ್‌ಪಾತಿನ ಮೇಲೆ ನಿಂತರೆ ಪಕ್ಕದಲ್ಲಿ ಕಾರಿನವರು, ಆಟೊದವರು, ವಾಕಿಂಗ್ ಮುಗಿಸಿ ಬಂದ ರಿಟೈರ್ಡ್ ಮೇಷ್ಟ್ರು ಎಲ್ಲರೂ ಅದೇ ಚಟ್ನಿಯಲ್ಲಿ ಮುಳುಗಿರುತ್ತಾರೆ. ಸಾಂಬಾರ್ ಮಾಡುವುದಿಲ್ಲ ಅಂತ ತೀರ್ಮಾನಿಸಿ, ಇಷ್ಟು ವರ್ಷ ಅದಕ್ಕೆ ಅಂಟಿಕೊಳ್ಳುವುದಕ್ಕೆ ಧೈರ್ಯ ಬೇಕು.

ಇಂಥ ಅಂಗಡಿಗಳ ಬಿಲ್ಲಿನ ಬಗ್ಗೆ ಒಂದು ಮಾತು. ವರ್ಷದ ವಹಿವಾಟು ಒಂದೂವರೆ ಕೋಟಿ ಒಳಗಿರುವ ಹೋಟೆಲು ಕಾಂಪೊಸಿಷನ್ ಸ್ಕೀಮಿಗೆ, ಅಂದರೆ ಜಿಎಸ್‌ಟಿಯಲ್ಲಿ ಸಣ್ಣ ವ್ಯಾಪಾರಿಗಳಿಗಿರುವ ಸರಳ ಪದ್ಧತಿಗೆ, ಬರಬಹುದು. ಬಂದರೆ ವಹಿವಾಟಿನ ಮೇಲೆ 5% ತೆರಿಗೆಯನ್ನು ಮಾಲೀಕನೇ ಕೈಯಿಂದ ಕಟ್ಟಬೇಕು, ಗಿರಾಕಿಯಿಂದ ವಸೂಲು ಮಾಡುವಂತಿಲ್ಲ. ತಾನು ಈ ಸ್ಕೀಮಿನವನು ಅಂತ ಬೋರ್ಡನ್ನೂ ತಗುಲಿಸಬೇಕು. ಗಲ್ಲಾದ ಹಿಂದೆ ದೇವರ ಫೋಟೊ, ಲೈಸೆನ್ಸು, ಅದರ ಪಕ್ಕ ಊದುಬತ್ತಿ ಹೊಗೆಗೆ ಮಸುಕಾದ ಆ ಬೋರ್ಡು. ಬೋರ್ಡ್ ಅಲ್ಲಿ, ಬಿಲ್ಲಿನಲ್ಲಿ ಮಾತ್ರ ಸಿಜಿಎಸ್‌ಟಿ (ಕೇಂದ್ರದ ಪಾಲು) ಎರಡೂವರೆ, ಎಸ್‌ಜಿಎಸ್‌ಟಿ (ರಾಜ್ಯದ ಪಾಲು) ಎರಡೂವರೆ ಅಂತ ಬಂದರೆ ಕೇಳಿ. ನಾನಂತೂ ಕೇಳುತ್ತೇನೆ.

2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ಸಣ್ಣ ವ್ಯಾಪಾರಿಗಳಿಗೆ ತೆರಿಗೆ ಇಲಾಖೆಯ ನೋಟಿಸು ಹೋದಾಗ ಬೇಕರಿ, ಕಾಂಡಿಮೆಂಟ್ಸ್, ಟೀ ಅಂಗಡಿಗಳ ಮುಂದೆ ಕ್ಯೂಆರ್ ಕೋಡು ಮಾಯವಾಗಿ "ಕ್ಯಾಶ್ ಓನ್ಲಿ" ಚೀಟಿ ಅಂಟಿತ್ತು. ಆ ತಿಂಗಳು ನನ್ನ ಫೋನಿಗೆ ಪುರುಸೊತ್ತೇ ಇರಲಿಲ್ಲ. ಬಂದವರಲ್ಲಿ ಅರ್ಧಕ್ಕರ್ಧ ಜನರಿಗೆ ಬಂದ ದುಡ್ಡೆಲ್ಲ ತೆರಿಗೆ ಬೀಳುವ ವಹಿವಾಟಲ್ಲ ಅನ್ನುವುದನ್ನು ಇಲಾಖೆಗೆ ಹೇಗೆ ತೋರಿಸುವುದು ಅಂತಲೇ ಗೊತ್ತಿರಲಿಲ್ಲ. ಹಾಲಿನವನಿಗೆ ದುಡ್ಡು ಕೊಟ್ಟದ್ದಕ್ಕೆ ಚೀಟಿ ಇಲ್ಲ, ಗ್ಯಾಸಿನ ಬಿಲ್ ಇಲ್ಲ. ಆಮೇಲೆ ಸರ್ಕಾರ ಹಳೇ ಬಾಕಿ ವಸೂಲು ಮಾಡುವುದಿಲ್ಲ ಅಂದಿತು, ಕ್ಯೂಆರ್ ಕೋಡುಗಳು ಮೆಲ್ಲಗೆ ವಾಪಸು ಬಂದವು. ಅದನ್ನು ಬರೆಯಲು ಹೊರಟರೆ ಇಲ್ಲಿಗೆ ಮುಗಿಯುವುದಿಲ್ಲ, ಬಿಡಿ.

ಒಂದು ಮೆಟ್ಟಿಲು ಮೇಲೆ, ಕೂತು ತಿನ್ನುವ ಹಳೇ ಹೋಟೆಲುಗಳು. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರದು. ಶುಕ್ರವಾರ ರಜೆ, ನಮ್ಮೂರಿನ ನೆಂಟರು ಬಂದಾಗಲೆಲ್ಲ ಅದು ಶುಕ್ರವಾರವೇ ಆಗಿರುತ್ತದೆ. ಪಂಚೆಯುಟ್ಟ ಸಪ್ಲೈಯರ್ ಒಂದೇ ತೋಳಿನ ಮೇಲೆ ದೋಸೆ ತಟ್ಟೆಗಳನ್ನು ಮೆಟ್ಟಿಲಾಗಿ ಜೋಡಿಸಿಕೊಂಡು ಬರುವುದನ್ನು ಎಲ್ಲರೂ ಫೋಟೊ ತೆಗೆಯುತ್ತಾರೆ. ಮಾವ ನೋಡುವುದೇ ಬೇರೆ. ಯಾವ ಟೇಬಲ್ಲಿಗೆ ಎಷ್ಟು ಅಂತ ಚೀಟಿಯಿಲ್ಲದೆ ನೆನಪಿಟ್ಟುಕೊಂಡು ಹಂಚುತ್ತಾನಲ್ಲ, ಅದು. "ರಷ್ಷಿನಲ್ಲಿ ಯಾರು ಎಲ್ಲಿ ಹತ್ತಿದರು ಅಂತ ಮುಖ ನೋಡಿ ಹೇಳ್ತಿದ್ವಿ ನಾವು. ಅದೇ ವಿದ್ಯೆ ಕಣಮ್ಮ ಇದೂ." ಎದುರಿಗೆ ಅಪರಿಚಿತರು ಕೂರುತ್ತಾರೆ, ಬೆಣ್ಣೆ, ಎಣ್ಣೆ ಮೆತ್ತಿದ ಕೈಯಲ್ಲೇ ನೀರಿನ ಲೋಟ ಸರಿಸಿ ಕೊಡುತ್ತಾರೆ. ದೋಸೆಯ ಬಗ್ಗೆ ಹೊಸದಾಗಿ ಹೇಳಲು ನನ್ನಲ್ಲಿ ಏನೂ ಇಲ್ಲ. ಆ ನೀರು ಚಟ್ನಿ ಕೆಲವರಿಗೆ ಸೇರುವುದಿಲ್ಲ, ನನಗೆ ಅದೇ ಬೇಕು.

ಲಾಲ್‌ಬಾಗ್ ರಸ್ತೆಯ ಎಂಟಿಆರ್ ಕತೆ ನನ್ನಂಥವಳಿಗೆ ಪುರಾಣ ಇದ್ದಂತೆ. 1924ರಲ್ಲಿ ಶುರುವಾದದ್ದು. ಎರಡನೇ ಮಹಾಯುದ್ಧದಲ್ಲಿ ಅಕ್ಕಿ ಸಿಗದಾಗ ರವೆಯಲ್ಲಿ ಇಡ್ಲಿ ಮಾಡಿ ರವೆ ಇಡ್ಲಿ ಹುಟ್ಟಿತು ಅನ್ನುವುದು ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ದೊಡ್ಡದೆನಿಸುವುದು ತುರ್ತು ಪರಿಸ್ಥಿತಿಯ ಕಾಲದ್ದು. ಸರ್ಕಾರ ಹೋಟೆಲ್ ತಿಂಡಿಯ ದರವನ್ನು ಬಲವಂತವಾಗಿ ಇಳಿಸಿದಾಗ, ತುಪ್ಪ ಕಮ್ಮಿ ಮಾಡುವ ಬದಲು ನಷ್ಟಕ್ಕೇ ಮಾರಿದರು. ಇವತ್ತಿಗೆ ಇಷ್ಟು ನಷ್ಟ ಅಂತ ಬೋರ್ಡ್ ಬರೆದು ಜನರಿಗೆ ಕಾಣುವಂತೆ ಇಟ್ಟರು. ಕೊನೆಗೆ ಹೋಟೆಲನ್ನೇ ಕೆಲ ಕಾಲ ಮುಚ್ಚಿ, ಪೊಟ್ಟಣದಲ್ಲಿ ಮಸಾಲೆ ಪುಡಿ, ರವೆ ಇಡ್ಲಿ ಹಿಟ್ಟು ಮಾರುವ ದಾರಿ ಹಿಡಿದರು. ಲಾಭನಷ್ಟದ ಪಟ್ಟಿಯನ್ನು ಆಡಿಟರಿಗೆ ತೋರಿಸುವುದಕ್ಕೇ ಹಿಂದೆಮುಂದೆ ನೋಡುವ ಮಾಲೀಕರ ನಡುವೆ ಬದುಕುವ ನಾನು, ಅದನ್ನು ರಸ್ತೆಗೆ ಇಟ್ಟವರ ಹೋಟೆಲಿನಲ್ಲಿ ಕಾಯಲು ಬೇಜಾರು ಮಾಡಿಕೊಳ್ಳುವುದಿಲ್ಲ. ಕಾಯಿಸುತ್ತಾರೆ, ಭಾನುವಾರವಂತೂ ವಿಪರೀತ.

ನಾವು ಗೌಡರು, ಬರೀ ದೋಸೆಯಲ್ಲಿ ದಿನ ಕಳೆಯುವುದಿಲ್ಲ. ಮಿಲ್ಟ್ರಿ ಹೋಟೆಲು ಅಂದರೆ ಮಾವನ ಬೆನ್ನು ನೆಟ್ಟಗಾಗುತ್ತದೆ. ಜಯನಗರದ ಶಿವಾಜಿ ಮಿಲ್ಟ್ರಿ ಹೋಟೆಲಿನ ದೊನ್ನೆ ಬಿರಿಯಾನಿಗೆ ಮಧ್ಯಾಹ್ನ ಬೇಗ ಹೋಗಬೇಕು, ತಡವಾದರೆ ಮಟನ್ ಮುಗಿದಿರುತ್ತದೆ. ಹಸಿರು ಮಸಾಲೆ, ಸಣ್ಣಕ್ಕಿ, ಒಣ ಎಲೆಯ ದೊನ್ನೆಯ ಘಮ. ಇಂಥ ಕಡೆ ಮೆನು ಕಾರ್ಡ್ ಕೇಳುವವರು ಹೊಸಬರು. ಇನ್ನು ಮುದ್ದೆ, ಕಾಲು ಸೂಪು, ಬೋಟಿ ಫ್ರೈ ಬೇಕಾದರೆ ನಮ್ಮ ಮನೆ ಹತ್ತಿರವೇ ಒಂದು ಪುಟ್ಟ ಜಾಗ ಇದೆ. ಅಲ್ಲಿ ಮಾವ ಮುದ್ದೆಯನ್ನು ಒತ್ತಿ ನೋಡಿ ಹಿಟ್ಟು ಬೆಂದಿದೆಯೋ ಇಲ್ಲವೋ ತೀರ್ಪು ಕೊಟ್ಟ ಮೇಲೆಯೇ ನಾವು ಕೈ ಇಡುವುದು.

ಈಗ ನಡುವಿನದಕ್ಕೆ ಬಂದೆ. ಊರ ತುಂಬ ಇರುವ ಎ.ಸಿ. ಫ್ಯಾಮಿಲಿ ರೆಸ್ಟೋರೆಂಟುಗಳು. ಮದುವೆ ಆಲ್ಬಮ್ಮಿನಷ್ಟು ದಪ್ಪದ ಮೆನು: ಸೌತ್ ಇಂಡಿಯನ್, ನಾರ್ತ್ ಇಂಡಿಯನ್, ಚೈನೀಸ್, ತಂದೂರ್, ಚಾಟ್, ಜ್ಯೂಸ್, ಈಚೆಗೆ ಪಾಸ್ತಾ ಕೂಡ. ಇಂಥ ಅಡುಗೆಮನೆಗಳನ್ನು ನಾನು ಕೆಲಸದ ಮೇಲೆ ಒಳಗಿನಿಂದ ನೋಡಿದ್ದೇನೆ. ಬೆಳಗ್ಗೆಯೇ ಮೂರು ದೊಡ್ಡ ಪಾತ್ರೆಗಳಲ್ಲಿ ಗ್ರೇವಿ ತಯಾರು: ಈರುಳ್ಳಿ ಟೊಮೆಟೊದ ಕೆಂಪು, ಗೋಡಂಬಿಯ ಬಿಳಿ, ಪಾಲಕಿನ ಹಸಿರು. ಮೆನುವಿನಲ್ಲಿ ನಲವತ್ತು ಹೆಸರಿದ್ದರೂ ಪನೀರ್, ಅಣಬೆ, ಬಟಾಣಿ ಯಾವುದನ್ನೇ ಕೇಳಿ, ಈ ಮೂರರಲ್ಲಿ ಒಂದರಲ್ಲಿ ಮುಳುಗಿಸಿ ಕೆನೆಯಲ್ಲಿ ಸುರುಳಿ ಬಿಡಿಸಿ ಕಳಿಸುತ್ತಾರೆ. ಅಡುಗೆಯವರ ತಪ್ಪಲ್ಲ ಅದು. ಅಷ್ಟು ಹೆಸರುಗಳನ್ನು ಹದಿನೈದು ನಿಮಿಷದಲ್ಲಿ ಮೇಜಿಗೆ ತಲುಪಿಸಲು ಬೇರೆ ದಾರಿಯೇ ಇಲ್ಲ.

ಅಲ್ಲಿ ನಾವು ಕೊಡುವ ದುಡ್ಡು ಕುರ್ಚಿಗೆ, ತಣ್ಣಗಿನ ಗಾಳಿಗೆ, ಪಾರ್ಕಿಂಗಿಗೆ. ಕೊಡೋಣ, ಅದಕ್ಕೂ ಬೆಲೆ ಇದೆ. ಆದರೆ ಅದನ್ನು ಪನೀರಿನ ಹೆಸರಲ್ಲಿ ಯಾಕೆ ಕೊಡಬೇಕು? 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಎ.ಸಿ. ಇಲ್ಲದ ಹೋಟೆಲಿಗೆ 12%, ಎ.ಸಿ. ಇದ್ದರೆ 18% ಇತ್ತು. ಮಹಡಿಯ ಮೇಲಿನ ಒಂದು ಕೋಣೆಗೆ ಎ.ಸಿ. ಹಾಕಿಸಿದ್ದರೂ ಕೆಳಗೆ ಸೆಖೆಯಲ್ಲಿ ಕೂತು ತಿಂದವನಿಗೂ, ಪಾರ್ಸಲ್ ಕಟ್ಟಿಸಿಕೊಂಡು ಹೋದವನಿಗೂ 18%. ಜನ ಗಲ್ಲಾದಲ್ಲಿ ಕೂತವರ ಜೊತೆ ಜಗಳಕ್ಕೆ ನಿಂತರು. ಅದೇ ವರ್ಷ ನವೆಂಬರ್ 15ರಿಂದ ಎರಡಕ್ಕೂ 5% ಆಯಿತು, ಬದಲಿಗೆ ಮಾಲೀಕರಿಗೆ ಸಿಗುತ್ತಿದ್ದ ಇನ್‌ಪುಟ್ ಕ್ರೆಡಿಟ್ ಹೋಯಿತು. ಅಂದರೆ ಕಟ್ಟಡದ ಬಾಡಿಗೆ, ಕಮರ್ಷಿಯಲ್ ಗ್ಯಾಸ್ ಸಿಲಿಂಡರ್ ಇವುಗಳ ಮೇಲೆ ಅವರು ಕಟ್ಟುವ 18% ತೆರಿಗೆ ವಾಪಸು ಬರುವುದಿಲ್ಲ, ದರದೊಳಗೆ ಕರಗುತ್ತದೆ. ಬಿಲ್ಲಿನಲ್ಲಿ 5% ಅಂತ ನೋಡಿ ಸಮಾಧಾನಪಡುವವರಿಗೆ ಇದು ಗೊತ್ತಿರಲಿ.

ಕೂರುವುದಕ್ಕೇ ದುಡ್ಡು ಕೊಡುವುದಾದರೆ ನಾನು ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್‌ಗೆ ಹೋಗುತ್ತೇನೆ. ಒಂದು ಕಾಫಿ, ಒಂದು ಟೋಸ್ಟ್, ಎದುರಿಗೆ ಒಬ್ಬ ಗೆಳತಿ. ಏಳಿ ಅಂತ ಯಾರೂ ಸುಳಿವು ಕೊಡುವುದಿಲ್ಲ.

ದುಬಾರಿಯ ಸಾಲಿಗೆ ಬಂದರೆ ರೆಸಿಡೆನ್ಸಿ ರೋಡಿನಲ್ಲಿ, ತಾಜ್ ಬಳಗದ ಹೋಟೆಲಿನೊಳಗಿರುವ ಕರಾವಳ್ಳಿ. 1990ರಿಂದ ಇದೆ. ಕಾಣೆ ಮೀನಿಗೂ ಕೊಡಗಿನ ಕೋಳಿಗೂ ನಮ್ಮ ಕರಾವಳಿ, ಮಲೆನಾಡುಗಳ ಮನೆ ಅಡುಗೆಗೂ ಸ್ಟಾರ್ ಹೋಟೆಲಿನ ಮೇಜಿನಲ್ಲಿ ಮರ್ಯಾದೆಯ ಜಾಗ ಕೊಟ್ಟ ಮೊದಮೊದಲ ಹೋಟೆಲುಗಳಲ್ಲಿ ಅದೂ ಒಂದು. ಅಂಗಳದಲ್ಲಿ ಕೂತು ತಿಂದೆವು. ಮಾವನ ಎಪ್ಪತ್ತೈದನೇ ಹುಟ್ಟುಹಬ್ಬಕ್ಕೆ ಮಗ ಕೊಡಿಸಿದ ಊಟ. ಮೀನನ್ನು ಮುಳ್ಳಿನಿಂದ ಬಿಡಿಸುತ್ತ ಮಾತೇ ಆಡಲಿಲ್ಲ ಮಾವ, ಅವರ ಮಟ್ಟಿಗೆ ಅದೇ ಸರ್ಟಿಫಿಕೇಟು. ಬ್ರಾಹ್ಮಿನ್ಸ್ ಕಾಫಿ ಬಾರಿಗೂ ಇಂಥ ಜಾಗಕ್ಕೂ ನನಗೆ ಕಾಣುವ ನಂಟು ಇಷ್ಟು: ತಮಗೆ ಏನು ಬರುತ್ತದೆ ಅನ್ನುವುದು ಇಬ್ಬರಿಗೂ ಗೊತ್ತು, ಉಳಿದದ್ದನ್ನು ಕೇಳಿದರೆ ಇಲ್ಲ ಅನ್ನುತ್ತಾರೆ.

ದಿನದ ಕೋಣೆ ಬಾಡಿಗೆ 7,500 ರೂಪಾಯಿ ದಾಟುವ ಹೋಟೆಲುಗಳ ಒಳಗಿನ ಊಟಕ್ಕೆ 18% ತೆರಿಗೆ. ಮೆನುವಿನಲ್ಲಿ ಕಾಣುವ ಸಾವಿರ ರೂಪಾಯಿಯ ತಟ್ಟೆ ಬಿಲ್ಲಿಗೆ ಬರುವಾಗ 1,180. ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಆರ್ಡರ್ ಮಾಡಿದರೆ ಕೊನೆಯಲ್ಲಿ ಎದೆ ಧಸಕ್ಕೆನ್ನುವುದಿಲ್ಲ. ನೀರಿನದೂ ಹಾಗೇ. ಬಾಟಲಿಯ ಮೇಲೆ ಅಚ್ಚಾದ ಬೆಲೆಗಿಂತ ಹೋಟೆಲಿನವರು ಹೆಚ್ಚು ಹಾಕಬಹುದು ಅಂತ 2017ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಯಾಕೆಂದರೆ ಅಲ್ಲಿ ಕೊಡುತ್ತಿರುವುದು ಬರೀ ನೀರಲ್ಲ, ಸೇವೆ ಕೂಡ. ಅದಕ್ಕೇ ನಾವು "ಮಾಮೂಲಿ ನೀರು" ಅಂತ ಮೊದಲೇ ಹೇಳಿಬಿಡುತ್ತೇವೆ. ಯಾರೂ ಮುಖ ಸಿಂಡರಿಸಿದ್ದಿಲ್ಲ.

ಸೇವೆ ಅಂದೆನಲ್ಲ. ಹೋದ ವರ್ಷ ನಮ್ಮನೆಯವರ ಆಫೀಸಿನ ಗೆಳೆಯರ ಜೊತೆ ಹೋದ ಒಂದು ಮೇಲ್ದರ್ಜೆಯ ರೆಸ್ಟೋರೆಂಟಿನಲ್ಲಿ, ಹೆಸರು ಬೇಡ, ಬಿಲ್ಲಿಗೆ 10% ಸರ್ವಿಸ್ ಚಾರ್ಜ್ ಸೇರಿತ್ತು. ಅದರ ಮೇಲೆ ಮತ್ತೆ ಜಿಎಸ್‌ಟಿ. ಹೀಗೆ ತಾನಾಗಿಯೇ ಸೇರಿಸುವಂತಿಲ್ಲ ಅಂತ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿತ್ತು, ದೆಹಲಿ ಹೈಕೋರ್ಟ್ 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ನಾನು ಬಿಲ್ಲಿನ ಆ ಸಾಲಿನ ಮೇಲೆ ಬೆರಳಿಟ್ಟೆ. ನಮ್ಮನೆಯವರು ಛಾವಣಿ ನೋಡಿದರು. ಮ್ಯಾನೇಜರ್ ಹುಡುಗ ಒಂದು ಮಾತೂ ಆಡದೆ ಹೊಸ ಬಿಲ್ ತಂದಿಟ್ಟ. ದಿನಕ್ಕೆ ನಾಲ್ಕು ಜನ ಕೇಳುತ್ತಾರೇನೋ ಅನ್ನುವಷ್ಟು ಬೇಗ. ಕೇಳದವರು ಕೊಟ್ಟು ಹೋಗುತ್ತಾರೆ, ಅಷ್ಟೇ ಲೆಕ್ಕ.

ಹಾಗಂತ ಬಡಿಸಿದವನಿಗೆ ಏನೂ ಕೊಡಬಾರದು ಅಂತಲ್ಲ. ಈ ವಿಷಯದಲ್ಲಿ ಮಾವ ನನಗಿಂತ ಕಟ್ಟುನಿಟ್ಟು. ಫೋನಿನಲ್ಲಿ ದುಡ್ಡು ಕಟ್ಟುವುದು ಬಂದ ಮೇಲೆ ತಟ್ಟೆಯಲ್ಲಿ ಚಿಲ್ಲರೆ ಉಳಿಯುವುದೇ ನಿಂತಿತು, ಹಾಗಾಗಿ ಸಪ್ಲೈಯರಿಗೆ ಬರುತ್ತಿದ್ದ ಹತ್ತಿಪ್ಪತ್ತು ಕೂಡ ನಿಂತಿತು ಅನ್ನುವುದು ಅವರ ದೂರು. ಅದಕ್ಕೆಂದೇ ಬ್ಯಾಂಕಿನಿಂದ ಹತ್ತರ, ಇಪ್ಪತ್ತರ ನೋಟು ಬಿಡಿಸಿಕೊಂಡು ಬಂದು ಅಂಗಿಯ ಮೇಲ್ಜೇಬಿನಲ್ಲಿ, ಕಂಡಕ್ಟರ್ ಮಡಿಸುವ ಹಾಗೇ ಉದ್ದುದ್ದ ಮಡಿಸಿ ಇಟ್ಟುಕೊಳ್ಳುತ್ತಾರೆ. ಬಿಲ್ಲಿನ ಫೋಲ್ಡರಿನಲ್ಲಿ ಇಟ್ಟರೆ ಯಾರ ಕೈ ಸೇರುತ್ತದೋ ಅಂತ ನಂಬಿಕೆಯಿಲ್ಲ. ಬಡಿಸಿದವನನ್ನೇ ಕರೆದು, ಊರು ಯಾವುದಪ್ಪ ಅಂತ ಕೇಳಿ, ಕೈಗೆ ಕೊಡಬೇಕು. ಮೊದಲೆಲ್ಲ ಉತ್ತರ ಕುಂದಾಪುರ, ಉಡುಪಿ ಅಂತ ಬರುತ್ತಿತ್ತು. ಈಗ ಅಸ್ಸಾಂ, ಒಡಿಶಾ ಅಂತಾರೆ, ಮಾವ ತಮ್ಮ ಹರಕು ಹಿಂದಿಯಲ್ಲಿ ಅಲ್ಲಿ ಮಳೆ ಹೇಗೆ ಅಂತ ವಿಚಾರಿಸುತ್ತಾರೆ. ಮುಂದಿನ ತಿಂಗಳು ಮಗಳ ಹುಟ್ಟುಹಬ್ಬ. ಅವಳು ಆರಿಸಿರುವುದು ಅದೇ ಆಲ್ಬಮ್ ಮೆನುವಿನ, ಮೂರು ಗ್ರೇವಿಯ ಜಾಗ. ಗೋಬಿ ಮಂಚೂರಿ ಅಲ್ಲಿ ಚೆನ್ನಾಗಿರುತ್ತದಂತೆ.